ಬಿಟ್ಟುಕೊಡದ ಒಂದು ಸಾಲು

ಜುಲೈ ತಿಂಗಳ ಒಂದು ಬೆಳಗ್ಗೆ ಐದೂವರೆಗೆ ಮಲ್ಪೆಯಿಂದ ಫೋನ್ ಬಂತು. ಹೊರಗೆ ಮಳೆ ಜಡಿಯುತ್ತಿತ್ತು. "ಸರ್, ಎರಡನೇ ಕೋಣೆ ಮೈನಸ್ ಒಂಬತ್ತಕ್ಕೆ ಬಂದಿದೆ. ಕಂಪ್ರೆಸರ್ ಓಡುತ್ತಿಲ್ಲ. ನಿಮ್ಮ ಪೆಟ್ಟಿಗೆಯ ದೀಪವೇನೋ ಉರಿಯುತ್ತಿದೆ, ಆದರೆ ಯಾವ ಬಟನ್ ಒತ್ತಿದರೂ ಅಲ್ಲಾಡುವುದಿಲ್ಲ ಮಾರಾಯರೇ." ಶೈತ್ಯಾಗಾರದ ಮೇಲ್ವಿಚಾರಕರ ದನಿಯಲ್ಲಿ ಸಿಟ್ಟಿಗಿಂತ ಗಾಬರಿ ಹೆಚ್ಚಿತ್ತು. ಆ ಪೆಟ್ಟಿಗೆ, ಕೋಣೆಗಳನ್ನು ತಣ್ಣಗಿಡಲು ನಾವು ಮಾಡಿಕೊಟ್ಟ ನಿಯಂತ್ರಕ. ಹೆಪ್ಪುಗಟ್ಟಿಸಿದ ಮೀನು ಮೈನಸ್ 18 ಡಿಗ್ರಿಯಲ್ಲಿರಬೇಕು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆ 61 ದಿನ ಕೋಣೆಯೊಳಗಿನ ದಾಸ್ತಾನನ್ನೇ ನಂಬಿಕೊಂಡು ವ್ಯಾಪಾರ ನಡೆಯಬೇಕು.

ಕಂಪ್ರೆಸರನ್ನು ಕೈ ಸ್ವಿಚ್ಚಿನಿಂದ ಚಾಲೂ ಮಾಡಲು ಹೇಳಿ ಮಂಗಳೂರಿನಿಂದ ಹೊರಟೆ. ಕೂಳೂರು ಸೇತುವೆ ದಾಟಿ ಮೂಲ್ಕಿ, ಪಡುಬಿದ್ರಿ, ಕಾಪು ಕಳೆಯುವವರೆಗೂ ತಲೆಯಲ್ಲಿ ಒಂದೇ ಪ್ರಶ್ನೆ: ವಾಚ್‌ಡಾಗ್ ಏನು ಮಾಡುತ್ತಿತ್ತು? ಪ್ರೋಗ್ರಾಂ ಎಲ್ಲಿಯಾದರೂ ಸಿಕ್ಕಿಹಾಕಿಕೊಂಡರೆ ಎರಡು ಸೆಕೆಂಡಿನೊಳಗೆ ಇಡೀ ಪೆಟ್ಟಿಗೆಯನ್ನು ಮರುಚಾಲನೆ ಮಾಡಲೆಂದೇ ಆ ಟೈಮರನ್ನು ಇಟ್ಟದ್ದು. ಅದು ಇಡೀ ರಾತ್ರಿ ಸುಮ್ಮನಿತ್ತು.

ಆ ಪೆಟ್ಟಿಗೆಯ ಒಳಗೆ ಏನಿದೆ ಎಂದು ಮೊದಲು ಹೇಳುತ್ತೇನೆ. 20 ಕಿಲೋಬೈಟ್ ರ್‍ಯಾಮ್ ಇರುವ, ಎಸ್‌ಟಿಎಂ32 ಜಾತಿಯ ಸಣ್ಣ ಮೈಕ್ರೋಕಂಟ್ರೋಲರ್, ಅಂದರೆ ಒಂದೇ ಚಿಪ್ಪಿನ ಪುಟ್ಟ ಕಂಪ್ಯೂಟರ್. ಅದಕ್ಕೆ ಒಂಬತ್ತು ಕೆಲಸ: ಕೋಣೆಗಳ ಉಷ್ಣತೆ ಓದುವುದು, ಕಂಪ್ರೆಸರ್, ಕಾಯಿಲ್‌ಗೆ ಕಟ್ಟಿದ ಮಂಜು ಕರಗಿಸುವ ಡಿಫ್ರಾಸ್ಟ್ ಹೀಟರ್, ಬಾಗಿಲಿನ ಅಲಾರಂ, ವಿದ್ಯುತ್ ಮೀಟರ್, ಡಿಸ್‌ಪ್ಲೇ, ಬಟನ್, ದಾಖಲೆ, ಎಸ್‌ಎಂಎಸ್ ಕಳಿಸುವ ಮೋಡೆಮ್. ಮೊದಲ ಆವೃತ್ತಿಯಲ್ಲಿ ಪ್ರತಿ ಕೆಲಸಕ್ಕೂ ಒಂದು ಥ್ರೆಡ್ (ತನ್ನಷ್ಟಕ್ಕೆ ಓಡುವ ಎಳೆ) ಕೊಟ್ಟಿದ್ದೆವು. ತಲಾ ಒಂದು ಕಿಲೋಬೈಟ್ ಸ್ಟ್ಯಾಕ್ (ಥ್ರೆಡ್ ತನ್ನ ಲೆಕ್ಕ ಇಟ್ಟುಕೊಳ್ಳುವ ಮೆಮೊರಿಯ ಜಾಗ) ಎಂದರೂ ಒಂಬತ್ತು ಕಿಲೋಬೈಟ್ ಅಲ್ಲೇ ಹೋಯಿತು. ಸಂದೇಶ ಮತ್ತು ದಾಖಲೆಯ ಬಫರ್‌ಗಳಿಗೆ ಜಾಗ ಸಾಲದೆ ಸ್ಟ್ಯಾಕ್‌ಗಳನ್ನು ಕತ್ತರಿಸತೊಡಗಿದೆವು. ಒಂದು ಸ್ಟ್ಯಾಕ್ ಉಕ್ಕಿ ಪಕ್ಕದ್ದನ್ನು ಕೆಡಿಸಿದಾಗ ದೋಷ ಎಲ್ಲಿಯದೋ, ಲಕ್ಷಣ ಎಲ್ಲಿಯದೋ ಎಂಬಂತಾಗುತ್ತಿತ್ತು. ಅದರ ಜೊತೆಗೆ, ಒಂದೇ ಮಾಹಿತಿಗೆ ಎರಡು ಥ್ರೆಡ್ ಒಮ್ಮೆಗೇ ಕೈಹಾಕದಂತೆ ತಡೆಯುವ ಬೀಗಗಳಾದ ಮ್ಯೂಟೆಕ್ಸ್‌ಗಳ ಕಾಟ ಬೇರೆ.

ಹಾಗಾಗಿ ಕೊರೂಟೀನ್‌ಗೆ ಬಂದೆವು. ಈ ಹೆಸರು ಮೆಲ್ವಿನ್ ಕಾನ್ವೇ ಅವರದು. 1963ರಲ್ಲಿ ಅವರು ಪ್ರಕಟಿಸಿದ ಕೋಬಾಲ್ ಕಂಪೈಲರ್ ಕುರಿತ ಪ್ರಬಂಧದಲ್ಲಿ ಈ ಕಲ್ಪನೆ ಸ್ಪಷ್ಟವಾಗಿ ಬರುತ್ತದೆ. ಸಾಮಾನ್ಯ ಫಂಕ್ಷನ್ ಕರೆದಾಗ ಮೊದಲಿನಿಂದ ಶುರುವಾಗಿ ಕೊನೆಗೆ ಮುಗಿಯುತ್ತದೆ. ಕೊರೂಟೀನ್ ನಡುವೆಯೇ ನಿಂತು, ಪ್ರೊಸೆಸರನ್ನು ಬಿಟ್ಟುಕೊಟ್ಟು, ಮುಂದಿನ ಸಲ ನಿಂತಲ್ಲಿಂದಲೇ ಮುಂದುವರಿಯುತ್ತದೆ. ನಾವು ಬಳಸಿದ್ದು ಆಡಂ ಡಂಕಲ್ಸ್ ಅವರ ಪ್ರೊಟೊಥ್ರೆಡ್ ಮಾದರಿ. ಇದರಲ್ಲಿ ಪ್ರತಿ ಕೆಲಸಕ್ಕೂ ಪ್ರತ್ಯೇಕ ಸ್ಟ್ಯಾಕ್ ಬೇಡ. ಎಲ್ಲಿ ನಿಂತೆ ಎಂಬ ಗುರುತಿಗೆ ಎರಡೇ ಬೈಟ್ ಸಾಕು. ಸಿ ಭಾಷೆಯಲ್ಲಿ ಬೆಲೆ ನೋಡಿ ಬೇಕಾದ ಸಾಲಿಗೆ ಜಿಗಿಸುವ ಸ್ವಿಚ್ ಹೇಳಿಕೆಯ ಕೇಸ್ ಗುರುತುಗಳನ್ನು ಲೂಪಿನ (ಮತ್ತೆ ಮತ್ತೆ ಸುತ್ತುವ ಸಾಲುಗಳ) ಒಡಲಿಗೇ ಹೊಗಿಸಿದ ಟಾಮ್ ಡಫ್ ಅವರ 1983ರ ಉಪಾಯ ಇದರ ಬುಡದಲ್ಲಿದೆ.

ಇದರಿಂದ ಸಿಕ್ಕಿದ ಸುಖ ದೊಡ್ಡದು. ಉಷ್ಣತೆಯ ಸೆನ್ಸರ್ ಡಿಎಸ್18ಬಿ20 ತನ್ನ ಪೂರ್ಣ ನಿಖರತೆಯಲ್ಲಿ ಒಂದು ಅಳತೆಗೆ 750 ಮಿಲಿಸೆಕೆಂಡಿನವರೆಗೆ ತೆಗೆದುಕೊಳ್ಳುತ್ತದೆ. ಕೊರೂಟೀನ್‌ನಲ್ಲಿ "ಅಳೆ" ಎಂದು ಆಜ್ಞೆ ಕೊಟ್ಟು, ಬಿಟ್ಟುಕೊಟ್ಟು, ಸಮಯ ಕಳೆದ ಮೇಲೆ ಓದಿದರಾಯಿತು. ಈಗ ಯಾವ ಹಂತದಲ್ಲಿದ್ದೇವೆಂದು ಕೈಯಾರೆ ಗುರುತಿಟ್ಟು ಬರೆಯುವ ಸ್ಟೇಟ್ ಮಷೀನ್‌ನ ತುಂಡು ತುಂಡು ಬರವಣಿಗೆಯಿಲ್ಲ. ಮೇಲಿನಿಂದ ಕೆಳಗೆ ಓದಿದರೆ ಕೆಲಸ ಅರ್ಥವಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ನಾನು ಬಿಟ್ಟುಕೊಡುವ ಜಾಗ ನನ್ನ ಕಣ್ಣೆದುರಿಗೇ ಇರುತ್ತದೆ. ಎರಡು ಬಿಟ್ಟುಕೊಡುವಿಕೆಗಳ ನಡುವೆ ಬೇರೆ ಯಾವ ಕೊರೂಟೀನ್ ಕೂಡ ಕೈಹಾಕುವುದಿಲ್ಲ. ಮ್ಯೂಟೆಕ್ಸ್‌ಗಳೆಲ್ಲ ಹೋದವು. ಓಡುತ್ತಿರುವ ಕೆಲಸವನ್ನು ಹಾರ್ಡ್‌ವೇರೇ ನಡುವೆ ತಡೆಯುವ ಇಂಟರಪ್ಟ್‌ಗಳ ಬಗ್ಗೆ ಎಚ್ಚರವಿದ್ದರೆ ಸಾಕಾಗಿತ್ತು.

ನಮ್ಮಲ್ಲಿಗೆ ಹೊಸದಾಗಿ ಸೇರಿದ್ದ ಕಾರ್ಕಳದ ಹುಡುಗಿಯೊಬ್ಬಳು ಆಗ ಕೇಳಿದ್ದಳು: "ಸರ್, ಒಂದು ಕೆಲಸ ಬಿಟ್ಟುಕೊಡದೇ ಇದ್ದರೆ?" ತಾಳಮದ್ದಳೆಯನ್ನು ನೋಡಿದ್ದೀಯಲ್ಲ, ಎಂದೆ. ಅರ್ಥಧಾರಿ ತನ್ನ ಮಾತನ್ನು ಒಂದು ಎಡೆಗೆ ತಂದು ಬಿಟ್ಟ ಮೇಲಷ್ಟೇ ಎದುರಿನವರ ಮಾತು, ಭಾಗವತರ ಮುಂದಿನ ಪದ್ಯ. ಅಲ್ಲಿರುವವರು ನುರಿತವರು, ಎಲ್ಲಿ ಬಿಡಬೇಕೆಂದು ಗೊತ್ತಿರುತ್ತದೆ. ನಮ್ಮ ಕೊರೂಟೀನ್‌ಗಳನ್ನೂ ನಾವೇ ಬರೆದದ್ದಲ್ಲವೇ ಎಂದು ಸಮಾಧಾನ ಹೇಳಿದೆ. ಆ ಉತ್ತರ ಅರ್ಧ ಮಾತ್ರ ಸರಿಯಾಗಿತ್ತು. ಮೋಡೆಮ್ ನಡೆಸುವ ಸಿದ್ಧ ಕೋಡನ್ನು, ಅಂದರೆ ಅದರ ಲೈಬ್ರರಿಯನ್ನು, ನಾವು ಬರೆದಿರಲಿಲ್ಲ.

ಮಲ್ಪೆಯಲ್ಲಿ ಪೆಟ್ಟಿಗೆಗೆ ಪ್ರೋಗ್ರಾಂನ ಒಳಗನ್ನು ತೋರಿಸುವ ಡೀಬಗ್ಗರ್ ಜೋಡಿಸಿ, ಮರುಚಾಲನೆ ಮಾಡದೆ, ಅದು ನಿಂತಿದ್ದ ಸಾಲನ್ನೇ ತೆರೆದು ನೋಡಿದೆ. ಲೈಬ್ರರಿಯೊಳಗೆ ಒಂದು ಪುಟ್ಟ ಲೂಪ್: ನೆಟ್‌ವರ್ಕ್ ಸಿಗುವವರೆಗೂ ಕೇಳುತ್ತಲೇ ಇರು. ಮಿತಿ ಇಲ್ಲ. ರಾತ್ರಿಯ ಮಳೆಯಲ್ಲಿ ಆ ಸಿಮ್‌ನ ಸಿಗ್ನಲ್ ಹೋಗಿತ್ತು; ಮೇಲ್ವಿಚಾರಕರ ಮೊಬೈಲ್ ಬೇರೆ ಕಂಪನಿಯದಾದ್ದರಿಂದ ನನಗೆ ಕರೆ ಬಂದದ್ದು. ಅದೇ ಲೂಪಿನೊಳಗೆ ಇನ್ನೊಂದು ಸಾಲಿತ್ತು, ಅದನ್ನು ಕಂಡಾಗ ಎದೆ ಧಸಕ್ಕೆಂದಿತು. ವಾಚ್‌ಡಾಗ್‌ಗೆ "ನಾನು ಬದುಕಿದ್ದೇನೆ" ಎಂದು ತಿಳಿಸುವ ಸಾಲು. ಪರೀಕ್ಷೆಯ ದಿನಗಳಲ್ಲಿ ಮೋಡೆಮ್ ನಿಧಾನವಾದಾಗಲೆಲ್ಲ ಪೆಟ್ಟಿಗೆ ಮರುಚಾಲನೆಯಾಗುತ್ತಿತ್ತು. ಅದನ್ನು ತಪ್ಪಿಸಲು ಆ ಸಾಲನ್ನು ಅಲ್ಲಿ ಸೇರಿಸಿದವನು ನಾನೇ. ವಾಚ್‌ಡಾಗ್ ಅಂದು ಹೇಳುತ್ತಿದ್ದ ಸತ್ಯವನ್ನು ಕೇಳಿಸಿಕೊಳ್ಳುವ ಬದಲು ಅದರ ಬಾಯಿ ಮುಚ್ಚಿಸಿದ್ದೆ.

ಲೂಪ್ ಹಿಡಿದಿಟ್ಟುಕೊಳ್ಳುವ ಹೊತ್ತಿಗೆ ಎರಡನೇ ಕೋಣೆಯಲ್ಲಿ ಡಿಫ್ರಾಸ್ಟ್ ನಡೆಯುತ್ತಿತ್ತು. ಹೀಟರನ್ನು ಆರಿಸಬೇಕಾದ ಕೊರೂಟೀನ್‌ಗೆ ಸರದಿಯೇ ಬರಲಿಲ್ಲ. ಕಾಯಿಲ್‌ಗೆ ಕಟ್ಟಿದ್ದ ಸುರಕ್ಷತಾ ಥರ್ಮೋಸ್ಟಾಟ್ ತನ್ನಷ್ಟಕ್ಕೆ ಹೀಟರ್‌ನ ಸಂಪರ್ಕ ಕಡಿದದ್ದರಿಂದ ದೊಡ್ಡ ಅನಾಹುತ ತಪ್ಪಿತು. ಆದರೆ ಕಂಪ್ರೆಸರನ್ನು ಮತ್ತೆ ಎಬ್ಬಿಸುವವರು ಯಾರೂ ಇರಲಿಲ್ಲ. ಉಷ್ಣತೆ ಏರಿದೆಯೆಂದು ಎಚ್ಚರಿಸಬೇಕಾದ ಎಸ್‌ಎಂಎಸ್ಸಿನ ದಾರಿಯೇ ಮುಚ್ಚಿತ್ತು. ಬಂಗುಡೆಯ ಬ್ಲಾಕ್‌ಗಳು ಮುಟ್ಟಿದರೆ ಇನ್ನೂ ಕಲ್ಲಿನಂತೆ ಗಟ್ಟಿಯಾಗಿದ್ದವು. ಮಧ್ಯಾಹ್ನದ ಹೊತ್ತಿಗೆ ಕೋಣೆ ಮತ್ತೆ ಮೈನಸ್ ಹದಿನೇಳಕ್ಕೆ ಇಳಿಯಿತು. ಉಷ್ಣತಾಮಾಪಕದ ಮುಳ್ಳನ್ನು ನೋಡುತ್ತಾ ಅಲ್ಲೇ ಕುಳಿತಿದ್ದ ಮೇಲ್ವಿಚಾರಕರಿಗೆ ನಡೆದದ್ದನ್ನೆಲ್ಲ ಹೇಳಿದೆ, ಸಾಲು ಸೇರಿಸಿದವನು ಯಾರೆಂಬುದನ್ನೂ.

ಈ ಕಾಯಿಲೆ ಹಳೆಯದು. ವಿಂಡೋಸ್ 3.1 ಮತ್ತು ಹಳೆಯ ಮ್ಯಾಕ್‌ಗಳಲ್ಲಿ ಒಂದು ಪ್ರೋಗ್ರಾಂ ಬಿಟ್ಟುಕೊಡದಿದ್ದರೆ ಇಡೀ ಪರದೆ ಮರಗಟ್ಟುತ್ತಿತ್ತು. ಗೋ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲೂ ಫಂಕ್ಷನ್ ಕರೆಯಿಲ್ಲದ ಬಿಗಿ ಲೂಪೊಂದು ಬೇರೆ ಗೊರೂಟೀನ್‌ಗಳನ್ನು (ಅಲ್ಲಿ ಒಟ್ಟಿಗೆ ಓಡುವ ಕೆಲಸಗಳನ್ನು) ತಡೆದು ನಿಲ್ಲಿಸಬಹುದಿತ್ತು; 2020ರಲ್ಲಿ ಬಂದ 1.14ನೇ ಆವೃತ್ತಿ ಅಂಥ ಲೂಪನ್ನು ಬಲವಂತವಾಗಿ ತಡೆದು ನಿಲ್ಲಿಸುವ ವ್ಯವಸ್ಥೆ ತಂದಿತು. ಯಾರು ಯಾರೋ ಬರೆದ ಪ್ರೋಗ್ರಾಂಗಳು ಒಟ್ಟಿಗೆ ಓಡಬೇಕಾದಲ್ಲಿ ಹೀಗೆ ಪ್ರತಿಯೊಂದೂ ತಾನಾಗಿ ಬಿಟ್ಟುಕೊಡುತ್ತದೆಂದು ನಂಬುವ ಸಹಕಾರಿ ಮಲ್ಟಿಟಾಸ್ಕಿಂಗ್ ಸಲ್ಲದು ಎಂದೇ ನನ್ನ ನಿಲುವು. ನಮ್ಮ ಪೆಟ್ಟಿಗೆಯಂಥ ಕಡೆ, ಪ್ರತಿ ಸಾಲನ್ನೂ ನಾವು ಓದಬಹುದಾದಲ್ಲಿ, ಇದಕ್ಕಿಂತ ಒಳ್ಳೆಯದು ನನಗೆ ಕಂಡಿಲ್ಲ. ಓದಬಹುದು ಎಂದ ಮೇಲೆ ಓದಲೇಬೇಕು, ಲೈಬ್ರರಿಯನ್ನೂ.

ಮರಳಿ ಬಂದು ಮೋಡೆಮ್ ಲೈಬ್ರರಿಯನ್ನು ಪೂರ್ತಿ ಕೊರೂಟೀನ್ ಆಗಿ ಬರೆದೆವು. ಕಾಯುವ ಪ್ರತಿಯೊಂದು ಜಾಗಕ್ಕೂ ಸಮಯದ ಮಿತಿ ಹಾಕಿದೆವು. ವಾಚ್‌ಡಾಗ್‌ಗೆ ಸುದ್ದಿ ಕೊಡುವ ಸಾಲು ಈಗ ಇಡೀ ಫರ್ಮ್‌ವೇರ್‌ನಲ್ಲಿ (ಪೆಟ್ಟಿಗೆಯೊಳಗಿನ ಪ್ರೋಗ್ರಾಂನಲ್ಲಿ) ಒಂದೇ ಕಡೆ ಇದೆ, ಒಂಬತ್ತೂ ಕೆಲಸಗಳ ಒಂದು ಸುತ್ತು ಮುಗಿದ ಜಾಗದಲ್ಲಿ. ಮರುಚಾಲನೆಯಾದ ಕ್ಷಣದಲ್ಲಿ ಹೀಟರ್‌ನ ರಿಲೇ ಆರಿಯೇ ಇರುವಂತೆ ಬೋರ್ಡಿನಲ್ಲಿ ಪುಲ್‌ಡೌನ್ ರೆಸಿಸ್ಟರ್ ಸೇರಿಸಿದೆವು.

ಹೊಸದಾಗಿ ಬರೆದದ್ದರಲ್ಲೂ ಎಡವಿದೆವು. ಐದು ಸಲ ಯತ್ನಿಸಿ ಕೈಬಿಡಬೇಕಾದ ಎಸ್‌ಎಂಎಸ್ ಕೆಲಸ ಮೇಜಿನ ಮೇಲಿನ ಪರೀಕ್ಷೆಯಲ್ಲಿ ಯತ್ನಿಸುತ್ತಲೇ ಇತ್ತು. ಎಣಿಕೆಯ ವೇರಿಯಬಲ್ ಫಂಕ್ಷನ್‌ನ ಒಳಗಿನದು, ಆರಂಭದಲ್ಲೇ ಸೊನ್ನೆಯಾಗುವಂಥದ್ದು. ಪ್ರತ್ಯೇಕ ಸ್ಟ್ಯಾಕ್ ಇಲ್ಲದ ಕೊರೂಟೀನ್‌ನಲ್ಲಿ ಬಿಟ್ಟುಕೊಟ್ಟು ಮರಳುವಾಗ ಅಂಥ ಬೆಲೆಗಳು ಉಳಿಯುವುದಿಲ್ಲ. ಪ್ರತಿ ಸರದಿಯಲ್ಲೂ ಅದು ಮತ್ತೆ ಸೊನ್ನೆ. ಇದನ್ನು ಹಿಡಿದದ್ದು ಕಾರ್ಕಳದ ಹುಡುಗಿ.

ನನಗೆ ಹೆಚ್ಚು ಕಲಿಸಿದ್ದು ಇನ್ನೊಂದು ದೋಷ. ಕಂಪ್ರೆಸರ್ ನಿಂತ ಮೇಲೆ ಮೂರು ನಿಮಿಷ ಕಾಯದೆ ಮತ್ತೆ ಚಾಲೂ ಮಾಡುವುದಿಲ್ಲ. ಕೊರೂಟೀನ್ ಹೀಗಿತ್ತು: ಹೀಟರ್ ಆರಿದೆಯೇ ನೋಡು, ಮೂರು ನಿಮಿಷ ಬಿಟ್ಟುಕೊಟ್ಟು ಕಾಯಿ, ಕಂಪ್ರೆಸರ್ ಚಾಲೂ ಮಾಡು. ಓದಲು ಎಷ್ಟು ಸರಳ! ಆದರೆ ಆ ಮೂರು ನಿಮಿಷದೊಳಗೆ ಡಿಫ್ರಾಸ್ಟ್ ಕೆಲಸ ಹೀಟರನ್ನು ಉರಿಸಿದರೆ ಕಾಯಿಸುವುದೂ ತಣಿಸುವುದೂ ಒಟ್ಟಿಗೇ ನಡೆಯುತ್ತದೆ. ಬಿಟ್ಟುಕೊಡುವ ಮೊದಲು ತಿಳಿದದ್ದು ಮರಳಿದ ಮೇಲೂ ನಿಜವಾಗಿರಬೇಕೆಂದಿಲ್ಲ. ಮ್ಯೂಟೆಕ್ಸ್ ಬೇಡವಾಯಿತೆಂಬ ಸಂತೋಷದಲ್ಲಿ ಇದನ್ನು ನಾನು ಮರೆತಿದ್ದೆ. ಈಗ ಒಬ್ಬರು ಬರೆದದ್ದನ್ನು ಇನ್ನೊಬ್ಬರು ಪರಿಶೀಲಿಸುವಾಗ ಬಿಟ್ಟುಕೊಡುವ ಪ್ರತಿ ಸಾಲಿನಲ್ಲೂ ಬೆರಳಿಟ್ಟು, ಮೇಲೆ ನೋಡಿದ್ದನ್ನು ಕೆಳಗೆ ಮತ್ತೆ ನೋಡಿದೆಯೇ ಎಂದು ಕೇಳುತ್ತೇವೆ.

ಪ್ರತಿ ಕೆಲಸ ಒಮ್ಮೆಗೆ ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದನ್ನೂ ಅಳೆಯುತ್ತಿದ್ದೇವೆ. ಸರದಿ ಬಂದಾಗ ಚಿಪ್ಪಿನ ಒಂದು ಪಿನ್‌ನ ವೋಲ್ಟೇಜ್ ಮೇಲೆ, ಬಿಟ್ಟುಕೊಟ್ಟಾಗ ಕೆಳಗೆ; ಆ ಏರಿಳಿತ ತೋರಿಸುವ ಆಸಿಲೋಸ್ಕೋಪಿನಲ್ಲಿ ಅಗಲವಾದ ಗೆರೆ ಕಂಡರೆ ಅಲ್ಲಿಗೆ ಹೋಗುವುದು. ದಾಖಲೆ ಬರೆಯಲು, ವಿದ್ಯುತ್ ಹೋದರೂ ಉಳಿಯುವ ಮೆಮೊರಿಯಾದ ಫ್ಲಾಶ್‌ನ ಒಂದು ಪುಟ ಅಳಿಸುವಾಗ ಈ ಚಿಪ್ 20ರಿಂದ 40 ಮಿಲಿಸೆಕೆಂಡು ಹೆಚ್ಚುಕಡಿಮೆ ಉಸಿರು ಹಿಡಿದು ನಿಲ್ಲುತ್ತದೆ. 9600 ಬಾಡ್ ವೇಗದಲ್ಲಿ ಒಂದು ಅಕ್ಷರಕ್ಕೆ ಸುಮಾರು ಒಂದು ಮಿಲಿಸೆಕೆಂಡು, ಅಂದರೆ ಮೀಟರ್ ಕಳಿಸಿದ ಹತ್ತಾರು ಅಕ್ಷರಗಳು ಅಷ್ಟರಲ್ಲಿ ಕಳೆದುಹೋಗಬಹುದು. ಅಲ್ಲಿ ಬಿಟ್ಟುಕೊಡುವ ದಾರಿಯೇ ಇಲ್ಲವಾದ್ದರಿಂದ ಅಕ್ಷರಗಳನ್ನು ಹಿಡಿಯುವ ಕೆಲಸವನ್ನು, ಪ್ರೊಸೆಸರಿನ ನೆರವಿಲ್ಲದೆ ನೇರ ಮೆಮೊರಿಗೆ ಬರೆಯುವ ಡಿಎಂಎಗೆ ಒಪ್ಪಿಸಿದೆವು.

ಆಗಸ್ಟ್‌ನಲ್ಲಿ ಹೊಸ ಫರ್ಮ್‌ವೇರ್ ಹಾಕಲು ಮತ್ತೆ ಮಲ್ಪೆಗೆ ಹೋದಾಗ ದೋಣಿಗಳು ಕಡಲಿಗೆ ಇಳಿದಿದ್ದವು, ಬಂದರಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೇಲ್ವಿಚಾರಕರ ಎದುರೇ ಡಿಫ್ರಾಸ್ಟ್ ಶುರು ಮಾಡಿ ಮೋಡೆಮ್‌ನ ಆಂಟೆನಾ ಕಳಚಿದೆ. ಹೀಟರ್ ತನ್ನ ಹೊತ್ತಿಗೆ ಆರಿತು, ಕಂಪ್ರೆಸರ್ ಗುಡುಗುತ್ತಾ ಎದ್ದಿತು. ಅವರು ಇನ್ನೊಮ್ಮೆ ತೋರಿಸಿ ಎಂದರು, ಇನ್ನೊಮ್ಮೆ ತೋರಿಸಿದೆ. ಈಗ ಉಳಿದಿರುವ ಅಗಲವಾದ ಗೆರೆ ಡಿಸ್‌ಪ್ಲೇಯದು. ಇಡೀ ಪರದೆಯನ್ನು ಒಮ್ಮೆಗೇ ಬರೆಯುವುದರಿಂದ 38 ಮಿಲಿಸೆಕೆಂಡು ಹಿಡಿಯುತ್ತದೆ. ಅದನ್ನು ಸಾಲು ಸಾಲಾಗಿ ಬರೆದು ನಡುವೆ ಬಿಟ್ಟುಕೊಡುವಂತೆ ಒಡೆಯುವ ಕೆಲಸವನ್ನು ಕಾರ್ಕಳದ ಹುಡುಗಿ ಈ ವಾರ ಎತ್ತಿಕೊಂಡಿದ್ದಾಳೆ.