ಬೆಳಿಗ್ಗೆಯೇ ಸಹಿ ಹಾಕಿದ ಆದೇಶ

ನಾನು ತಹಶೀಲ್ದಾರನಾಗಿ ಆಗಿನ್ನೂ ಎಂಟು ತಿಂಗಳು. ಮೆರವಣಿಗೆ ಯಾವ ಬೀದಿಯಲ್ಲಿ ಹೋಗಬೇಕೆಂಬ ಜಗಳ ಹೊತ್ತಿಕೊಂಡು 144ರ ನಿಷೇಧಾಜ್ಞೆ ಜಾರಿಯಲ್ಲಿತ್ತು. ಬೆಳಿಗ್ಗೆ ಒಂಬತ್ತಕ್ಕೆ ಇನ್‌ಸ್ಪೆಕ್ಟರ್ ಬಂದು ಬಲಪ್ರಯೋಗದ ಆದೇಶದ ಹಾಳೆಯನ್ನು ಮೇಜಿನ ಮೇಲಿಟ್ಟರು. "ಸಹಿ ಹಾಕಿ ಕೊಟ್ಟುಬಿಡಿ ಸಾರ್. ಗಲಾಟೆ ನಡುವೆ ನಿಮ್ಮನ್ನು ಎಲ್ಲಿ ಹುಡುಕುವುದು? ಸಮಯ ನಾವು ತುಂಬಿಕೊಳ್ಳುತ್ತೇವೆ."

ಹಾಕಿದೆ. ಪ್ರಾಮಾಣಿಕವಾಗಿ ಕೆಲಸ ಮಾಡುವವನಿಗೆ ಕಾನೂನಿನ ರಕ್ಷಣೆ ಇದ್ದೇ ಇರುತ್ತದೆಂದು ನಂಬಿದ್ದೆ.

ಗುಂಪು ಕಚೇರಿಯ ಗೇಟಿಗೆ ಬಂದಾಗ ನಾನು ಜಗಲಿಯಲ್ಲಿದ್ದೆ. ಕೈಯಲ್ಲಿದ್ದ ಧ್ವನಿವರ್ಧಕ ಒಮ್ಮೆ ಕಿರುಚಿ ಸುಮ್ಮನಾಯಿತು. ಹೊಸದು ಬೇಕೆಂದು ಎರಡು ಸಲ ಬರೆದಿದ್ದೆ, ಕಡತ ಕದಲಿರಲಿಲ್ಲ. ಬರಿಗಂಟಲಿನಲ್ಲೇ "ಚದುರಿ" ಎಂದು ಕೂಗಿದೆ. ಮುಂದಿನ ಸಾಲಿನವರಿಗೂ ಕೇಳಿಸಿದಂತಿರಲಿಲ್ಲ. ಪೊಲೀಸ್ ಜೀಪಿನ ಮೈಕ್ ತರಿಸೋಣವೆಂದು ಶಿರಸ್ತೇದಾರರ ಕಡೆ ತಿರುಗಿದೆ. ಅಷ್ಟರಲ್ಲಿ ಎಲ್ಲಿಂದಲೋ ಕಲ್ಲು, ಗಾಜು ಒಡೆದ ಸದ್ದು, ಸೀಟಿ. ಮತ್ತೆ ಗೇಟಿನತ್ತ ನೋಡುವಾಗ ಲಾಠಿಗಳು ಏಳುತ್ತಿದ್ದವು. ನಿಲ್ಲಿಸಿ ಎನ್ನಲು ಬಾಯಿ ತೆರೆದೆ. ಆದರೆ ಆದೇಶ ನನ್ನದೇ, ಇನ್‌ಸ್ಪೆಕ್ಟರ್ ಜೇಬಿನಲ್ಲಿತ್ತು.

ಸಂಜೆ ಆಸ್ಪತ್ರೆಗೆ ಹೋದೆ. ಮಣಿಕಟ್ಟು ಮುರಿದಿದ್ದ ಒಬ್ಬ ಮುದುಕರು ಮಂಚದ ಮೇಲೆ ಕೂತಿದ್ದರು. ನಾಲ್ಕಾಗಿ ಮಡಚಿದ ಪಹಣಿ ಅಂಗಿಯ ಜೇಬಿನಿಂದ ಇಣುಕುತ್ತಿತ್ತು. "ನಾನು ಅವರ ಜೊತೆ ಬಂದವನಲ್ಲ ಸ್ವಾಮಿ, ಪಹಣಿಗೆ ಬಂದಿದ್ದೆ" ಎಂದರು. ಅಷ್ಟೇ ಹೇಳಿದ್ದು.

ಅವರ ಮಗ ಖಾಸಗಿ ದೂರು ಹೂಡಿದರು. ಸರ್ಕಾರಿ ವಕೀಲರು ನನ್ನನ್ನು ಎದುರಿಗೆ ಕೂರಿಸಿಕೊಂಡು ಆದೇಶದ ಪ್ರತಿ ನೋಡಿದರು. ಅದರಲ್ಲಿ ಯಾರೋ 11.25 ಎಂದು ತುಂಬಿದ್ದರು. ನಿಯಂತ್ರಣ ಕೊಠಡಿಯ ದಾಖಲೆಯ ಪ್ರಕಾರ ಗುಂಪು ಗೇಟಿಗೆ ಬಂದದ್ದೇ 11.35ಕ್ಕೆ. "ಇನ್ನೂ ಬಾರದ ಗುಂಪನ್ನು ಚದುರಿಸಲು ಹೇಳಿದಿರಾ?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ನಾನು ತಿಳಿದದ್ದು ಎಲ್ಲಿ ತಪ್ಪಿತೆಂದು ಅವರೇ ತೋರಿಸಿದರು. ಕಾನೂನುಗಳಲ್ಲಿನ ಪದಗಳಿಗೆ ಸಾಮಾನ್ಯ ಅರ್ಥ ಹೇಳುವ 1897ರ ಜನರಲ್ ಕ್ಲಾಸಸ್ ಕಾಯ್ದೆಯ ಪ್ರಕಾರ, ಅಜಾಗರೂಕತೆ ಇದ್ದರೂ ಪ್ರಾಮಾಣಿಕವಾಗಿ ಮಾಡಿದ್ದು ಸದ್ಭಾವನೆಯೇ. ನಾನು ತಲೆಯಲ್ಲಿಟ್ಟುಕೊಂಡಿದ್ದು ಅದನ್ನು. ಆದರೆ ಸದ್ಭಾವನೆಯಿಂದ ಗುಂಪು ಚದುರಿಸುವ ಅಧಿಕಾರಿಗೆ ರಕ್ಷಣೆ ಕೊಡುತ್ತಿದ್ದುದು ದಂಡ ಪ್ರಕ್ರಿಯಾ ಸಂಹಿತೆಯ 132ನೇ ಕಲಂ. ಅಲ್ಲಿನ ಸದ್ಭಾವನೆಗೆ ಅರ್ಥ ದಂಡ ಸಂಹಿತೆಯ 52ರಿಂದ ಬರುತ್ತಿತ್ತು: ತಕ್ಕ ಎಚ್ಚರಿಕೆ, ಗಮನ ಇಲ್ಲದೆ ಮಾಡಿದ್ದು ಸದ್ಭಾವನೆಯಲ್ಲ. ಮೊದಲು ಚದುರಲು ಆಜ್ಞೆ, ಕೇಳದಿದ್ದರೆ ಅಥವಾ ಚದುರುವುದಿಲ್ಲವೆಂಬ ನಿರ್ಧಾರ ಗುಂಪಿನ ನಡತೆಯಲ್ಲೇ ಕಂಡರೆ ಬಲ ಎಂದು ಅದೇ ಪ್ರಕ್ರಿಯಾ ಸಂಹಿತೆಯ 129 ಹೇಳುತ್ತಿತ್ತು. 2024ರ ಜುಲೈ 1ರಿಂದ ಹಳೆಯ ಸಂಹಿತೆಗಳ ಜಾಗಕ್ಕೆ ಹೊಸವು ಬಂದಿವೆ; 129 ಮತ್ತು 132 ಈಗ ನಾಗರಿಕ ಸುರಕ್ಷಾ ಸಂಹಿತೆಯ 148 ಮತ್ತು 151 ಆಗಿವೆ. ಎಚ್ಚರಿಕೆಯ ಮಾತು ದಂಡ ಸಂಹಿತೆಯ ಜಾಗಕ್ಕೆ ಬಂದ ನ್ಯಾಯ ಸಂಹಿತೆಯಲ್ಲೂ ಹಾಗೆಯೇ ಇದೆ.

ಮೊಕದ್ದಮೆಗೆ ಬೇಕಾದ ಸರ್ಕಾರದ ಮಂಜೂರಾತಿ ಇಲ್ಲವೆಂದು ದೂರು ವಜಾ ಆಯಿತು. ಕಚೇರಿಯಲ್ಲಿ ಎಲ್ಲರೂ ಬಂದು ಕೈ ಕುಲುಕಿದರು. ನಾನು ಎಚ್ಚರಿಕೆ ವಹಿಸಿದ್ದೆನೇ ಎಂಬ ಪ್ರಶ್ನೆ ನ್ಯಾಯಾಲಯದಲ್ಲಿ ಏಳಲೇ ಇಲ್ಲ. ಅಧಿಕಾರಿಗೆ ಈ ರಕ್ಷಣೆ ಬೇಕು, ಅದನ್ನು ಈಗಲೂ ಒಪ್ಪುತ್ತೇನೆ. ಕಲ್ಲು ಬೀಳುವಾಗ ಮೊಕದ್ದಮೆಯ ಭಯದಲ್ಲಿ ನಿಂತವನು ಯಾರನ್ನೂ ಕಾಯಲಾರ. ಆದರೆ ಆ ಮಣಿಕಟ್ಟಿಗೆ ಯಾರು ಉತ್ತರ ಹೇಳಿದರು? ನಾನಂತೂ ಹೇಳಲಿಲ್ಲ.

ಮೇಲಿನವರ ಬಗ್ಗೆಯೂ ಹೇಳಲೇಬೇಕು. "ಬೇಗ ತೆರವು ಮಾಡಿಸಿ" ಎಂಬುದು ಯಾವಾಗಲೂ ಫೋನಿನಲ್ಲೇ ಬರುತ್ತದೆ, ಬರವಣಿಗೆಯಲ್ಲಿ ಎಂದೂ ಬರುವುದಿಲ್ಲ. ಕಾಗದದ ಮೇಲೆ ಉಳಿಯುವುದು ನಮ್ಮ ಸಹಿ.

ಮುಂದಿನ ತಾಲ್ಲೂಕಿನಲ್ಲಿಯೂ ಬಂದೋಬಸ್ತಿನ ಬೆಳಿಗ್ಗೆ ಅಂಥದೇ ಹಾಳೆ ಬಂತು. "ನಾನು ಗೇಟಿನ ಬಳಿಯೇ ಇರುತ್ತೇನೆ. ಮೂರು ಸಲ ಕೂಗಿ ಹೇಳಿ, ಜನ ಹೋಗಲು ದಾರಿ ಬಿಟ್ಟು, ಆಮೇಲೂ ಬೇಕಾದರೆ ಅಲ್ಲೇ ಬರೆದುಕೊಡುತ್ತೇನೆ" ಎಂದೆ. ಇನ್‌ಸ್ಪೆಕ್ಟರ್ ಮುಖ ಗಂಟಿಕ್ಕಿಕೊಂಡು ಹಾಳೆಯನ್ನು ವಾಪಸು ತೆಗೆದುಕೊಂಡರು. ಧ್ವನಿವರ್ಧಕವನ್ನು ಆ ಹೊತ್ತಿಗೆ ನನ್ನ ಹಣದಲ್ಲೇ ಕೊಂಡಿದ್ದೆ.