ಈ ಸಲ ಲೆಂಟಿಗೆ ಏನು ಬಿಟ್ರಿ?

ಲೆಂಟ್ ಅಂದರೆ ಈಸ್ಟರ್ ಹಬ್ಬಕ್ಕೆ ಮೊದಲು ಕ್ರೈಸ್ತರು ಹಿಡಿಯುವ ಉಪವಾಸದ ಕಾಲ. ಫೆಬ್ರವರಿ ಬಂತೆಂದರೆ ಈ ಪ್ರಶ್ನೆ ಶುರು. ಆಫೀಸಿನಲ್ಲಿ ಕೇಳುತ್ತಾರೆ, ನಮ್ಮ ಶಿವಮೊಗ್ಗದ ಗಾಂಧಿ ಬಜಾರಿನ ಅಂಗಡಿಯಲ್ಲಿ ಕೇಳುತ್ತಾರೆ, ಪಕ್ಕದ ಮನೆಯವರು ಕಾಂಪೌಂಡಿನ ಆಚೆಯಿಂದ ಕೇಳುತ್ತಾರೆ. "ಈ ಸಲ ಲೆಂಟಿಗೆ ಏನು ಬಿಟ್ರಿ? ಮಾಂಸಾನಾ, ಕಾಫಿನಾ?" ಕೇಳುವವರಲ್ಲಿ ಹೆಚ್ಚಿನವರು ತಾವೂ ವ್ರತ ಹಿಡಿಯುವವರೇ. ಶನಿವಾರ ಒಪ್ಪೊತ್ತು ಇರುವವರು, ಅಯ್ಯಪ್ಪನ ಮಾಲೆ ಹಾಕುವವರು, ರೋಜಾ ಇರುವವರು. ಹಾಗಾಗಿ ಪ್ರಶ್ನೆ ಸುಮ್ನೆ ಮಾತಿಗೆ ಬಂದದ್ದಲ್ಲ ಅಂತ ನನಗೆ ಗೊತ್ತು. ಅದರ ಬೆನ್ನಿಗೇ ಇನ್ನೊಂದು ಬರುತ್ತದೆ. "ಲೆಂಟ್ ಕ್ಯಾಥೊಲಿಕರದ್ದು ಅಲ್ವಾ? ನಿಮ್ಮ ಚರ್ಚಲ್ಲೂ ಮಾಡ್ತೀರಾ?"

ಮಾಡುತ್ತೇವೆ. ನಾನು ಬಿಡುವುದು ಸಂಜೆಗಳನ್ನು. ಕೆಲಸ ಮುಗಿಸಿ ಬಂದು ಬಾಗಿಲು ಹಾಕಿಕೊಂಡು ಕೂರುವ ಸಂಜೆ ಇದೆಯಲ್ಲ, ಅದನ್ನು ಆರೂವರೆ ವಾರ ಸಭೆಯವರಿಗೆ, ಅಂದರೆ ನಮ್ಮ ಚರ್ಚಿನ ಜನರಿಗೆ, ಕೊಡುತ್ತೇನೆ. ಇದಕ್ಕಿಂತ ಕಷ್ಟದ ಉಪವಾಸ ನನಗೆ ಗೊತ್ತಿಲ್ಲ. ಇದರಷ್ಟು ನನ್ನನ್ನು ತುಂಬಿಸಿದ್ದೂ ಇನ್ನೊಂದಿಲ್ಲ.

ಎರಡನೇ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ. ಆ ಗೊಂದಲಕ್ಕೆ ಕಾರಣ ಇದೆ. ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಗ ಕಬ್ಬನ್ ರಸ್ತೆಯ ಸೇಂಟ್ ಆಂಡ್ರ್ಯೂಸ್ ಚರ್ಚಿಗೆ ಹೋಗುತ್ತಿದ್ದೆ. ಸ್ಕಾಟ್‌ಲ್ಯಾಂಡಿನ ಪ್ರೆಸ್ಬಿಟೇರಿಯನ್ ಅನ್ನುವ ಪ್ರೊಟೆಸ್ಟೆಂಟ್ ಪಂಗಡದವರಿಗಾಗಿ 1866ರಲ್ಲಿ ತೆರೆದ ಚರ್ಚು ಅದು. ಪ್ರೆಸ್ಬಿಟೇರಿಯನ್ ಪದ್ಧತಿಯಲ್ಲಿ ಸಭೆಯ ಆಡಳಿತ ಪಾಸ್ಟರ್ ಒಬ್ಬರ ಕೈಯಲ್ಲಿರುವುದಿಲ್ಲ. ಸಭೆಯೇ ಆರಿಸಿದ ಹಿರಿಯರು ಅವರ ಜೊತೆ ಕೂತು ನಡೆಸುತ್ತಾರೆ. ಈ ಹಿರಿಯರ ಹಿರಿಯರು ಒಂದು ಕಾಲದಲ್ಲಿ ಲೆಂಟನ್ನು ಬೇಡವೇ ಬೇಡ ಅಂದವರು. 1522ರ ಲೆಂಟಿನಲ್ಲಿ ಸ್ವಿಟ್ಜರ್‌ಲ್ಯಾಂಡಿನ ಜ್ಯೂರಿಕ್‌ನಲ್ಲಿ ಫ್ರೋಶೌವರ್ ಅನ್ನುವ ಮುದ್ರಕ ತನ್ನ ಕೆಲಸಗಾರರ ಜೊತೆ ಕೂತು ಸಾಸೇಜ್ ತಿಂದ. ಮಾಂಸ ತಿನ್ನಬಾರದ ಕಾಲ. ಊರಲ್ಲಿ ಗಲಾಟೆಯಾಯಿತು. ಅಲ್ಲೇ ಇದ್ದ ಪಾದ್ರಿ ಜ್ವಿಂಗ್ಲಿ ತಾವು ತಿನ್ನಲಿಲ್ಲ. ಆದರೆ ಆಮೇಲೆ ತಿಂದವರ ಪರವಾಗಿ ಪ್ರಸಂಗ, ಅಂದರೆ ಚರ್ಚಿನ ಉಪದೇಶ, ಮಾಡಿದರು. ಯಾವುದನ್ನು ತಿನ್ನಬೇಕು, ಬಿಡಬೇಕು ಅಂತ ಕಟ್ಟುಪಾಡು ಹಾಕುವ ಹಕ್ಕು ಸಭೆಗಿಲ್ಲ ಅನ್ನುವುದು ಅವರ ವಾದ. ಸ್ಕಾಟ್‌ಲ್ಯಾಂಡಿನಲ್ಲಂತೂ ಕ್ಯಾಥೊಲಿಕ್ ಸಭೆಯಿಂದ ಬೇರೆಯಾದ 1560ರ ಸುಧಾರಣೆಯ ನಂತರ ಕ್ರಿಸ್ಮಸ್ ಹಬ್ಬವನ್ನೂ ಕೈಬಿಟ್ಟರು. ಅಲ್ಲಿ ಕ್ರಿಸ್ಮಸ್ಸಿಗೆ ಸಾರ್ವಜನಿಕ ರಜೆ ಸಿಕ್ಕಿದ್ದು 1958ರಲ್ಲಿ!

ಅವರ ಜಗಳ ಇದ್ದದ್ದು ಕಡ್ಡಾಯದ ಜೊತೆ. ಆ ಜಗಳ ಸರಿ ಅಂತಲೇ ನನ್ನ ಅಭಿಪ್ರಾಯ. ಇವತ್ತು ನಮ್ಮಲ್ಲಿ ಯಾರೂ ಯಾರ ಮನೆಯ ಅಡುಗೆ ಪಾತ್ರೆಯೊಳಗೆ ಇಣುಕುವುದಿಲ್ಲ. ಮಾಂಸ ಬಿಟ್ಟವರು ಬಿಟ್ಟರು, ತಿಂದವರು ತಿಂದರು. ಕಡ್ಡಾಯ ಹೋದ ಮೇಲೆ, ಕಳೆದ ಶತಮಾನದಲ್ಲಿ ಪ್ರೆಸ್ಬಿಟೇರಿಯನ್ ಸಭೆಗಳೂ ಲೆಂಟನ್ನು ತಾವಾಗಿ ಮತ್ತೆ ಹತ್ತಿರ ಮಾಡಿಕೊಂಡವು. ನಮ್ಮ ಕಡೆಯ ಕಥೆ ಇನ್ನಷ್ಟು ಕೂಡಿಕೊಂಡದ್ದು. ಶಿವಮೊಗ್ಗಕ್ಕೆ ಬಂದಿದ್ದು ವೆಸ್ಲಿಯನ್ ಮೆಥಡಿಸ್ಟ್ ಅನ್ನುವ ಇನ್ನೊಂದು ಪ್ರೊಟೆಸ್ಟೆಂಟ್ ಪಂಗಡದ ಮಿಷನ್. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಮೆಥಡಿಸ್ಟರು, ಆಂಗ್ಲಿಕನ್ನರು, ಪ್ರೆಸ್ಬಿಟೇರಿಯನ್ನರು, ಕಾಂಗ್ರಿಗೇಶನಲ್ ಸಭೆಯವರು, ಹೀಗೆ ಬೇರೆ ಬೇರೆ ಪ್ರೊಟೆಸ್ಟೆಂಟ್ ಪಂಗಡದವರೆಲ್ಲ ಸೇರಿ ದಕ್ಷಿಣ ಭಾರತ ಸಭೆ ಆಯಿತು. ಸಿಎಸ್‌ಐ ಅಂತ ಎಲ್ಲರೂ ಕರೆಯುವುದು ಇದನ್ನೇ. ಹೀಗಾಗಿ ನಮ್ಮ ಲೆಂಟಿನಲ್ಲಿ ಆಂಗ್ಲಿಕನ್ನರ ಆರಾಧನೆಯ ಕ್ರಮವೂ ಇದೆ, ಮೆಥಡಿಸ್ಟರ ಹಾಡೂ ಇದೆ, ಹಿರಿಯರು ಕೂತು ಎಲ್ಲವನ್ನೂ ತೀರ್ಮಾನಿಸುವ ಪದ್ಧತಿಯೂ ಇದೆ.

ಈಗ ಸಂಜೆಗಳ ವಿಷಯ.

ಲೆಂಟಿನಲ್ಲಿ ನಮ್ಮ ಸಭೆಯ ಮುಖ್ಯ ಕೆಲಸ ಮನೆ ಪ್ರಾರ್ಥನೆ. ವಾರದಲ್ಲಿ ಎರಡು ಸಂಜೆ ಊರೊಳಗಿನ ಮನೆಗಳು, ಶನಿವಾರ ಹೊರಗಿನವು. ಇವತ್ತು ವಿನೋಬನಗರ, ನಾಡಿದ್ದು ಗೋಪಾಳ, ಶನಿವಾರ ಭದ್ರಾವತಿಯೋ ತೀರ್ಥಹಳ್ಳಿಯೋ. ಎರಡು ಹಾಡು, ಬೈಬಲಿನ ಒಂದು ಭಾಗ, ಅಯ್ಯನವರ (ನಮ್ಮ ಪಾಸ್ಟರನ್ನು ಹೀಗೆ ಕರೆಯುವುದು) ನಾಲ್ಕು ಮಾತು, ಆ ಮನೆಯವರಿಗಾಗಿ ಪ್ರಾರ್ಥನೆ. ಒಂದು ಗಂಟೆ ಮೀರಬಾರದು. ಮಾರ್ಚ್ ಅಂದರೆ ಎಲ್ಲ ಮನೆಯಲ್ಲೂ ಪರೀಕ್ಷೆ ಬರೆಯುವ ಮಕ್ಕಳಿರುತ್ತಾರೆ. ಅವರಿಗೆ ತೊಂದರೆಯಾಗಬಾರದು ಅಂತ ಈ ಮಿತಿ.

ತಿಂಡಿಗೂ ಒಂದು ಕಟ್ಟು ಇದೆ. ಟೀ ಅಥವಾ ಕಷಾಯ, ಅಷ್ಟೇ. ಮೊದಲು ಹೀಗಿರಲಿಲ್ಲ. ಒಬ್ಬರ ಮನೆಯಲ್ಲಿ ಉಪ್ಪಿಟ್ಟು, ಕೇಸರಿಬಾತು ಮಾಡಿದರೆ ಮುಂದಿನ ಮನೆಯವರು ಪಲಾವ್ ಮಾಡುತ್ತಿದ್ದರು. ಮನೆಯವರೆಲ್ಲ ಅಡುಗೆಮನೆಯಲ್ಲೇ ಉಳಿಯುತ್ತಿದ್ದರು, ಪ್ರಾರ್ಥನೆಗೆ ಕೂರುವವರು ನೆಂಟರು ಮಾತ್ರ. ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿತ್ತು. ಕೈಯಲ್ಲಿ ದುಡ್ಡಿಲ್ಲದವರು "ಈ ವರ್ಷ ನಮ್ಮನೆ ಬೇಡ, ಮುಂದಿನ ವರ್ಷ ನೋಡೋಣ" ಅನ್ನುತ್ತಿದ್ದರು. ಅದನ್ನು ಗಮನಿಸಿದ್ದು ಸ್ತ್ರೀಯರ ಕೂಟದವರು. ಅವರು ಹಿರಿಯರ ಮುಂದೆ ವಿಷಯ ಇಟ್ಟರು, ಹಿರಿಯರು ಒಪ್ಪಿದರು. ಆಮೇಲೆ ಒಂದೇ ಕೋಣೆಯ ಮನೆಯವರೂ ಕರೆಯತೊಡಗಿದರು. ಅಂಗಳದಲ್ಲಿ ಚಾಪೆ ಹಾಸಿ ಕೂರುತ್ತೇವೆ. ಜೀರಿಗೆ, ಕೊತ್ತಂಬರಿಯ ಕಷಾಯ ಎಲ್ಲರ ಮನೆಯಲ್ಲೂ ಒಂದೇ ರುಚಿ. ನಮ್ಮ ಸಭೆ ಇಷ್ಟು ವರ್ಷಗಳಲ್ಲಿ ತೆಗೆದುಕೊಂಡ ತೀರ್ಮಾನಗಳಲ್ಲಿ ಇದಕ್ಕಿಂತ ಒಳ್ಳೆಯದು ನನಗೆ ನೆನಪಾಗುವುದಿಲ್ಲ.

ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ಮಲೆನಾಡಿನ ಮನೆಗಳು ಈಗ ಹೇಗಾಗಿವೆ ಅಂತ ನೀವೂ ನೋಡಿದ್ದೀರಿ. ಮಕ್ಕಳು ಬೆಂಗಳೂರಿನಲ್ಲಿ, ಇಲ್ಲವೇ ಇನ್ನೂ ದೂರ. ದೊಡ್ಡ ಮನೆ, ಒಳಗೆ ವಯಸ್ಸಾದ ಇಬ್ಬರು, ಕೆಲವು ಕಡೆ ಒಬ್ಬರೇ. ಭಾನುವಾರ ಚರ್ಚಿನಲ್ಲಿ ಕೈ ಕುಲುಕಿ "ಚೆನ್ನಾಗಿದ್ದೀರಾ" ಅಂದರೆ "ಚೆನ್ನಾಗಿದ್ದೀನಿ" ಅಂತಲೇ ಹೇಳುತ್ತಾರೆ. ಅವರ ಮನೆಯೊಳಗೆ ಹೋಗಿ ಕೂತಾಗ ಬೇರೆ ಸಂಗತಿ ಗೊತ್ತಾಗುತ್ತದೆ. ಬಾತ್‌ರೂಮಿನಲ್ಲಿ ಹಿಡಿದುಕೊಳ್ಳಲು ಏನೂ ಇಲ್ಲ. ಮಾತ್ರೆ ಯಾವುದು ಬೆಳಿಗ್ಗೆಯದು, ಯಾವುದು ರಾತ್ರಿಯದು ಅಂತ ಗೊತ್ತಾಗುತ್ತಿಲ್ಲ. ಅಡಿಕೆ ಕೊಯ್ಲು ಮುಗಿದಿದೆ, ಲೆಕ್ಕ ನೋಡುವವರಿಲ್ಲ. ಯೌವನಸ್ಥರ ಕೂಟದ ಹುಡುಗರು ಮುಂದಿನ ವಾರ ಡ್ರಿಲ್ ಮೆಷಿನ್ ತಂದು ಗೋಡೆಗೆ ಹಿಡಿಕೆ ಹಾಕಿ ಹೋಗುತ್ತಾರೆ. ಪ್ರಾರ್ಥನೆಗೆ ಅಂತ ಹೋಗದೇ ಇದ್ದರೆ ಇದು ನಮ್ಮ ಕಣ್ಣಿಗೇ ಬೀಳುತ್ತಿರಲಿಲ್ಲ.

ಹೊರಗಿನ ಶನಿವಾರಗಳು ನನಗೆ ಹೆಚ್ಚು ಇಷ್ಟ. ತೀರ್ಥಹಳ್ಳಿ ಕಡೆ ಹೋಗುವಾಗ ಗಾಜನೂರು, ಸಕ್ರೆಬೈಲು, ಮಂಡಗದ್ದೆ ದಾಟಿ ತುಂಗೆಯ ಪಕ್ಕದಲ್ಲೇ ದಾರಿ. ಒಂದು ವ್ಯಾನಿನಲ್ಲಿ ಮುದುಕರು, ಮಕ್ಕಳು, ಹಾರ್ಮೋನಿಯಂ ಎಲ್ಲ ತುಂಬಿಕೊಂಡು ಹೋಗುತ್ತೇವೆ. ಅಲ್ಲಿ ನಮ್ಮವರ ಮನೆಗಳು ಒಂದರಿಂದ ಒಂದು ದೂರ. ವರ್ಷದಲ್ಲಿ ನಾಲ್ಕಾರು ಸಲ ಮಾತ್ರ ಅವರಿಗೆ ಚರ್ಚಿಗೆ ಬರಲು ಆಗುತ್ತದೆ. ಅಯ್ಯನವರು ಮನೆಗೇ ಬಂದು ಕರ್ತನ ಭೋಜನ, ಅಂದರೆ ಯೇಸುವಿನ ನೆನಪಿನ ರೊಟ್ಟಿ ಮತ್ತು ದ್ರಾಕ್ಷಾರಸ, ಕೊಟ್ಟಾಗ, ಹಾಸಿಗೆ ಹಿಡಿದವರು ಎದ್ದು ಕೂರಲು ಮಾಡುವ ಪ್ರಯತ್ನ ನೋಡಿದರೆ ಕಣ್ಣು ತುಂಬುತ್ತದೆ.

ಉಪವಾಸ ಇಲ್ವಾ ಹಾಗಾದರೆ? ಇದೆ. ಶುಕ್ರವಾರ ಮಧ್ಯಾಹ್ನ ಉಪವಾಸ ಕೂಟ. ಬೆಳಿಗ್ಗೆಯಿಂದ ಏನೂ ತಿನ್ನದೆ ಬಂದವರು ಒಟ್ಟಿಗೆ ಪ್ರಾರ್ಥಿಸಿ ಆಮೇಲೆ ಊಟ ಮಾಡುತ್ತಾರೆ. ಸಕ್ಕರೆ ಕಾಯಿಲೆಯವರಿಗೆ, ಬಸುರಿಯರಿಗೆ ಅಯ್ಯನವರೇ ತಿಂದು ಬನ್ನಿ ಅನ್ನುತ್ತಾರೆ. ಲೆಂಟಿನ ಮೊದಲ ದಿನವಾದ ಬೂದಿ ಬುಧವಾರದಿಂದ ಈಸ್ಟರ್ ಹಿಂದಿನ ಶನಿವಾರದವರೆಗೆ ಎಣಿಸಿದರೆ 46 ದಿನ ಬರುತ್ತದೆ. ಅದರಲ್ಲಿ 6 ಭಾನುವಾರ ಕಳೆದರೆ 40. ಭಾನುವಾರ ಯೇಸು ಸತ್ತು ಮತ್ತೆ ಎದ್ದ ದಿನ, ಆ ದಿನ ಉಪವಾಸ ಇಲ್ಲ. ಯೇಸು ಅಡವಿಯಲ್ಲಿ ನಲವತ್ತು ದಿನ ಹಸಿದಿದ್ದ ನೆನಪಿಗೆ ಈ ಲೆಕ್ಕ.

ಆದರೆ ಉಪವಾಸದ ಬಗ್ಗೆ ನಾವು ಪ್ರತಿ ಲೆಂಟಿನಲ್ಲೂ ಓದುವುದು ಬೈಬಲಿನ ಯೆಶಾಯನ ಪುಸ್ತಕದ 58ನೇ ಅಧ್ಯಾಯ. ನೀವು ತಲೆ ಬಗ್ಗಿಸಿ ಬೂದಿಯಲ್ಲಿ ಕೂತರೆ ಸಾಕೇ ಅಂತ ದೇವರು ಅಲ್ಲಿ ಕೇಳುತ್ತಾನೆ. ಹಸಿದವರಿಗೆ ನಿನ್ನ ಅನ್ನ ಹಂಚುವುದು, ಮನೆಯಿಲ್ಲದವರನ್ನು ಒಳಗೆ ಕರೆಯುವುದು ತನಗೆ ಇಷ್ಟವಾದ ಉಪವಾಸ ಅನ್ನುತ್ತಾನೆ. ಅದಕ್ಕೇ ನಮ್ಮಲ್ಲಿ ಹಿಡಿ ಅಕ್ಕಿ ಇದೆ. ಅನ್ನಕ್ಕೆ ಅಕ್ಕಿ ಅಳೆಯುವಾಗ ಪ್ರತಿ ಸಲ ಒಂದು ಹಿಡಿ ತೆಗೆದು ಬೇರೆ ಡಬ್ಬಿಗೆ ಹಾಕುವುದು, ಭಾನುವಾರ ಚರ್ಚಿಗೆ ತರುವುದು. ಮಿಜೋರಾಂನ ಪ್ರೆಸ್ಬಿಟೇರಿಯನ್ ಹೆಂಗಸರು 1910ರಲ್ಲಿ ಇದನ್ನು ಶುರು ಮಾಡಿದರು. ಅವರ ಮಾತಿನಲ್ಲಿ ಅದು ಬುಹ್‌ಫಾಯ್ ಥಾಮ್. ಕೈಯಲ್ಲಿ ಕಾಸಿಲ್ಲದ ಬಡ ಗುಡ್ಡಗಾಡಿನ ಹೆಂಗಸರು ಹಿಡಿ ಹಿಡಿ ಅಕ್ಕಿಯಿಂದ ಇಡೀ ಸಭೆಗೆ ಆಸರೆಯಾದರು, ಇವತ್ತಿಗೂ ನಿಲ್ಲಿಸಿಲ್ಲ. ನಮ್ಮದು ಅಷ್ಟು ದೊಡ್ಡದಲ್ಲ. ಕೂಡಿದ ಅಕ್ಕಿಯಲ್ಲಿ ಸ್ತ್ರೀಯರ ಕೂಟದವರು ಚಿತ್ರಾನ್ನ ಮಾಡಿ ಪೊಟ್ಟಣ ಕಟ್ಟಿ ಮೆಗ್ಗಾನ್ ಆಸ್ಪತ್ರೆಯ ಹತ್ತಿರ ಹಂಚುತ್ತಾರೆ. ದೂರದ ಊರುಗಳಿಂದ ರೋಗಿಗಳನ್ನು ಕರೆತಂದವರು ಅಲ್ಲಿ ದಿನಗಟ್ಟಲೆ ಕಾಯುತ್ತಿರುತ್ತಾರೆ. ಪೊಟ್ಟಣ ಕೊಡುವಾಗ ಜಾತಿ ಧರ್ಮ ಕೇಳುವುದಿಲ್ಲ, ಪ್ರಸಂಗ ಮಾಡುವುದೂ ಇಲ್ಲ. ಅದು ನಮ್ಮ ಕೂಟದ ಗಟ್ಟಿ ನಿಯಮ.

ಅಮೆರಿಕದಲ್ಲಿರುವ ನನ್ನ ಚಿಕ್ಕಮ್ಮನ ಮಗಳು ಹೋಗುವುದು ಪ್ರೆಸ್ಬಿಟೇರಿಯನ್ ಚರ್ಚಿಗೆ. ಅಲ್ಲಿ ಲೆಂಟಿನ ಬುಧವಾರ ಸಂಜೆ ಎಲ್ಲ ಸೇರಿ ಸೂಪು, ಬ್ರೆಡ್ಡು ತಿಂದು ಬೈಬಲ್ ಓದುತ್ತಾರಂತೆ. ಮಕ್ಕಳ ಕೈಗೆ ಮೀನಿನ ಆಕಾರದ ರಟ್ಟಿನ ಡಬ್ಬಿ ಕೊಟ್ಟು ಚಿಲ್ಲರೆ ಕೂಡಿಡಲು ಹೇಳುತ್ತಾರೆ. ಬರ, ನೆರೆ, ಹಸಿವಿಗೆ ನೆರವಾಗಲು 1949ರಿಂದ ನಡೆದು ಬಂದ ಕಾಣಿಕೆ ಅದು. ಸೂಪಿನ ಸುದ್ದಿ ಕೇಳಿದಾಗ ನಮ್ಮ ಕಷಾಯ ನೆನಪಾಗಿ ಖುಷಿಯಾಯಿತು.

ಇಲ್ಲಿಯ ಬೇರೆ ಕ್ರೈಸ್ತರ ಪದ್ಧತಿಯನ್ನೂ ಕೇಳುತ್ತಾರೆ. ಕ್ಯಾಥೊಲಿಕರು ಇದನ್ನು ತಪಸ್ಸುಕಾಲ ಅನ್ನುತ್ತಾರೆ, ಹಣೆಗೆ ಬೂದಿ ಹಚ್ಚಿಸಿಕೊಳ್ಳುತ್ತಾರೆ, ಶುಕ್ರವಾರ ಯೇಸು ಶಿಲುಬೆ ಹೊತ್ತದ್ದನ್ನು ನೆನೆದು ಶಿಲುಬೆಯ ಹಾದಿ ನಡೆಯುತ್ತಾರೆ. ನಮ್ಮ ಸಭೆಯಲ್ಲಿ ಬೂದಿ ಹಚ್ಚುವುದಿಲ್ಲ, ಹಚ್ಚುವ ಸಿಎಸ್‌ಐ ಸಭೆಗಳೂ ಇವೆ. ನರಸಿಂಹರಾಜಪುರದ ಕಡೆಯ ಮಲಯಾಳಿ ಸಿರಿಯನ್ ಕ್ರೈಸ್ತರದ್ದು ಐವತ್ತು ದಿನದ ನೋಂಬು, ಅಂದರೆ ಉಪವಾಸ. ಅವರಿಗೆ ಬೂದಿ ಬುಧವಾರ ಇಲ್ಲ, ಅದಕ್ಕೆ ಎರಡು ದಿನ ಮೊದಲೇ ಸೋಮವಾರ ಶುರು ಮಾಡುತ್ತಾರೆ. ಮಾಂಸ, ಮೀನು, ಮೊಟ್ಟೆ, ಹಾಲು ಎಲ್ಲ ಬಿಡುವ ಮನೆಗಳಿವೆ. ಅವರ ಗಟ್ಟಿತನ ಕಂಡರೆ ನನಗೆ ಗೌರವ.

2026ರಲ್ಲಿ ಒಂದು ವಿಶೇಷ ಇದೆ. ಫೆಬ್ರವರಿ 15ಕ್ಕೆ ಶಿವರಾತ್ರಿ, 18ಕ್ಕೆ ನಮ್ಮ ಬೂದಿ ಬುಧವಾರ, ಚಂದ್ರ ಕಂಡರೆ 19ರ ಸುಮಾರಿಗೆ ರಂಜಾನ್ ಉಪವಾಸ ಶುರು. ಒಂದೇ ವಾರದಲ್ಲಿ ನಮ್ಮ ಬೀದಿಯ ಮೂರೂ ಕಡೆಯವರು ಹಸಿದಿರುತ್ತೇವೆ. ಈ ಊರು ಜಗಳವನ್ನೂ ನೋಡಿದೆ. ಅದಕ್ಕೇ ನನಗೆ ಈ ವಾರ ತುಂಬಾ ಮುಖ್ಯ ಅನಿಸುತ್ತದೆ. ಪಕ್ಕದ ಮನೆಯ ಅಮ್ಮಿಜಾನ್‌ಗೆ ಸಂಜೆ ಖರ್ಜೂರ ಕೊಡಬೇಕು, ನಮ್ಮ ಮನೆ ಪ್ರಾರ್ಥನೆ ಅವರ ಇಫ್ತಾರ್ ಹೊತ್ತಿಗೆ ಬೀಳದ ಹಾಗೆ ನೋಡಿಕೊಳ್ಳಬೇಕು ಅಂತ ಈಗಲೇ ಅಂದುಕೊಂಡಿದ್ದೇನೆ. ನಮ್ಮ ಹಾಡಿನ ಸದ್ದು ಜೋರು.

2026ರ ಲೆಂಟಿನ ಕೊನೆಯ ವಾರದ ದಿನಗಳನ್ನು ಬರೆದಿಡುತ್ತೇನೆ, ಬರುತ್ತೇನೆ ಅಂದವರು ಕೆಲವರಿದ್ದಾರೆ. ಮಾರ್ಚ್ 29 ಗರಿಗಳ ಭಾನುವಾರ. ಹಿಂದಿನ ದಿನ ಸಂಡೇ ಸ್ಕೂಲ್ ಮಕ್ಕಳು ತೆಂಗಿನ ಎಳೆ ಗರಿಯಲ್ಲಿ ಶಿಲುಬೆ ಮಡಚುತ್ತಾರೆ. ಏಪ್ರಿಲ್ 2ರ ಗುರುವಾರ ಸಂಜೆ ಕರ್ತನ ಭೋಜನ. ಏಪ್ರಿಲ್ 3 ಶುಭ ಶುಕ್ರವಾರ, ಮಧ್ಯಾಹ್ನ 12ರಿಂದ 3ರವರೆಗೆ ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳ ಧ್ಯಾನ. ಈ ಏಳು ಮಾತುಗಳನ್ನು ನಮ್ಮಲ್ಲಿ ಏಳು ಜನ ಹಂಚಿಕೊಳ್ಳುತ್ತಾರೆ. ಅಯ್ಯನವರು ಒಂದು, ಹಿರಿಯರೊಬ್ಬರು ಒಂದು, ಶಾಲೆಯ ಟೀಚರ್ ಒಬ್ಬರು ಒಂದು. ಹೋದ ವರ್ಷ "ನನಗೆ ನೀರಡಿಕೆಯಾಗಿದೆ" ಅನ್ನುವ ಮಾತನ್ನು ಒಬ್ಬ ನರ್ಸ್ ತೆಗೆದುಕೊಂಡಿದ್ದರು. ಸಾಯುವವರ ತುಟಿ ಒದ್ದೆ ಮಾಡುವ ಕೆಲಸದ ಬಗ್ಗೆ ಅವರು ಮಾತಾಡಿದ್ದು ನನ್ನ ಮನಸ್ಸಿನಿಂದ ಹೋಗಿಲ್ಲ. ಏಪ್ರಿಲ್ 5 ಈಸ್ಟರ್, ಬೆಳಗಿನ ಜಾವದ ಆರಾಧನೆ.

ಬೇರೆ ಧರ್ಮದವರು ಬರಬಹುದಾ ಅಂತಲೂ ಕೇಳುತ್ತಾರೆ. ಬನ್ನಿ. ಮನೆ ಪ್ರಾರ್ಥನೆಗೂ ಬನ್ನಿ, ಸುಮ್ನೆ ಕೂತು ಹಾಡು ಕೇಳಿ ಕಷಾಯ ಕುಡಿದು ಹೋಗಿ. ಕಾಣಿಕೆ ಹಾಕಲೇಬೇಕು ಅಂತಿಲ್ಲ. ಶುಭ ಶುಕ್ರವಾರ ಮೂರು ಗಂಟೆಗೆ ಆರಾಧನೆ ಮುಗಿದ ಮೇಲೆ ಚರ್ಚಿನ ಹಿಂದೆ ಎಲ್ಲರಿಗೂ ಗಂಜಿ ಇರುತ್ತದೆ. ಜೊತೆಗೆ ಮಾವಿನಮಿಡಿ ಉಪ್ಪಿನಕಾಯಿ, ಹೆಸರುಕಾಳಿನ ಪಲ್ಯ. ನೆಲದ ಮೇಲೆ ಕೂತು ಊಟ, ಕೂರಲಾಗದವರಿಗೆ ಬೆಂಚು ಇದೆ. ತಟ್ಟೆ ಲೋಟ ನೀವೇ ತಂದರೆ ತೊಳೆಯುವ ಹುಡುಗರಿಗೆ ಕೆಲಸ ಕಮ್ಮಿಯಾಗುತ್ತದೆ.