ಬರೀ ತಂದು ಬಿಡಾಕ ಅಷ್ಟು ರೊಕ್ಕಾ?

ಈ ಪ್ರಶ್ನೆಗೆ ಬಾಯಲ್ಲಿ ಉತ್ತರ ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಯಾರು ಕೇಳಿದರೂ ಇದನ್ನೇ ಓದೋಕೆ ಕೊಡ್ತೀನಿ.

ಪ್ರಶ್ನೆ ಇದು: "ಬೋಟ್ ಅವರದು, ರೊಕ್ಕ ಅವರದು. ಮತ್ತ ನಿನ್ನ ಯಾಕ ಕರೀತಾರೋ? ಬರೀ ತಂದು ಬಿಡಾಕ ಅಷ್ಟು ರೊಕ್ಕಾ?"

ಕಾಕಾ ಕೇಳುತ್ತಾರೆ. ಕಟಿಂಗ್ ಅಂಗಡಿಯವನು ಕೇಳುತ್ತಾನೆ. ಬ್ಯಾಂಕಿನವರು ಸ್ವಲ್ಪ ಮೆತ್ತಗೆ ಕೇಳುತ್ತಾರೆ, ಅಷ್ಟೇ. ಸಾಲದ ಅರ್ಜಿಯಲ್ಲಿ ಉದ್ಯೋಗ ಅಂತ ಇದ್ದಲ್ಲಿ "ಯಾಟ್ ಡೆಲಿವರಿ ಕ್ಯಾಪ್ಟನ್" ಅಂತ ಬರೆದಿದ್ದೆ. ಕೌಂಟರಿನ ಹುಡುಗ ಅರ್ಜಿ ನೋಡಿದ, ನನ್ನನ್ನು ನೋಡಿದ. "ಊಟದ ಡೆಲಿವರೀನ್ರೀ ಸರ್?" ಅಂದ.

ಕೆಲಸ ಏನು ಅಂತ ಮೊದಲು ಹೇಳಿಬಿಡ್ತೀನಿ. ಒಬ್ಬರು ಮುಂಬೈಯಲ್ಲಿ ಹಾಯಿದೋಣಿ ಕೊಳ್ಳುತ್ತಾರೆ. ಹಾಯಿದೋಣಿ ಅಂದರೆ ಮೀನುಗಾರರದ್ದಲ್ಲ. ಒಳಗೆ ಮಲಗುವ ಕೋಣೆ, ಅಡುಗೆಮನೆ, ಡೀಸೆಲ್ ಎಂಜಿನ್ ಇರುವ ಯಾಟ್. ಅದು ಅವರಿಗೆ ಗೋವಾದಲ್ಲೋ ಕೊಚ್ಚಿಯಲ್ಲೋ ಬೇಕು. ತರಲು ಅವರಿಗೆ ಪುರುಸೊತ್ತಿಲ್ಲ, ಇಲ್ಲವೇ ಓಡಿಸೋಕೆ ಬರೋದಿಲ್ಲ, ಇಲ್ಲವೇ ಭಯ. ನಾನು ಇಬ್ಬರನ್ನು ಕರೆದುಕೊಂಡು ಹೋಗಿ, ಸಮುದ್ರದ ಮೇಲೆ ತಂದು, ಹಗ್ಗ ಕಟ್ಟಿ, ಕೀಲಿ ಕೊಟ್ಟು, ಬಸ್ಸು ಹತ್ತಿ ಬೆಳಗಾವಿಗೆ ಬರುತ್ತೇನೆ.

ಬೆಳಗಾವಿಗೆ ಸಮುದ್ರ ಇಲ್ಲ. ಗೊತ್ತು. ಅದನ್ನೂ ನೆನಪಿಸುವವರಿದ್ದಾರೆ. ಚೋರ್ಲಾ ಘಾಟ್ ಇಳಿದರೆ ಗೋವಾ, ಅಲ್ವಾ? ಅಷ್ಟು ಸಾಲದಿದ್ದರೆ ಇನ್ನೊಂದು ಹೇಳ್ತೀನಿ. ಅಭಿಲಾಷ್ ಟಾಮಿ 2013ರಲ್ಲಿ ಒಬ್ಬರೇ, ಎಲ್ಲೂ ನಿಲ್ಲದೆ ಭೂಮಿ ಸುತ್ತಿ ಬಂದರಲ್ಲ, ಆ ನೌಕಾಪಡೆಯ ಹಾಯಿದೋಣಿಯ ಹೆಸರು ಐಎನ್‌ಎಸ್‌ವಿ ಮ್ಹಾದೇಯಿ. ನಮ್ಮ ಖಾನಾಪುರದ ಕಾಡಿನಲ್ಲಿ ಹುಟ್ಟುವ ಮಹದಾಯಿ ಅದೇ. ನಮಗೆ ಮಹದಾಯಿ ಅಂದರೆ ಧರಣಿ, ಬಂದ್, ನ್ಯಾಯಮಂಡಳಿ. ಅದರ ಹೆಸರಿನ ದೋಣಿ ಭೂಮಿ ಸುತ್ತಿದ್ದು ಇಲ್ಲಿ ಎಷ್ಟು ಜನಕ್ಕೆ ಗೊತ್ತು? ನಾನೂ ಹದಿನೈದು ವರ್ಷ ನೌಕಾಪಡೆಯಲ್ಲಿದ್ದೆ. ಹಾಯಿ ಎಳೆಯೋದನ್ನು ಅಲ್ಲೇ ಕಲಿತೆ.

ಕೆಲವರು ನನ್ನನ್ನು "ಬೋಟ್ ಡ್ರೈವರ್" ಅನ್ನುತ್ತಾರೆ. ಅನ್ನಲಿ. ನಮ್ಮಪ್ಪ ಚಾಸಿ ಡ್ರೈವರ್ ಆಗಿದ್ದರು. ಪುಣೆ-ಬೆಂಗಳೂರು ರಸ್ತೆಯಲ್ಲಿ ಕ್ಯಾಬಿನ್ ಇಲ್ಲದ ಬೋಳು ಲಾರಿಗಳು ಹೋಗೋದನ್ನು ನೋಡಿರುತ್ತೀರಿ. ಮುಖಕ್ಕೆ ಟವೆಲ್ ಸುತ್ತಿಕೊಂಡು, ಹೆಲ್ಮೆಟ್ ಹಾಕಿಕೊಂಡು ಒಬ್ಬ ಕೂತಿರುತ್ತಾನೆ. ಬಿಸಿಲು, ಮಳೆ, ಮುಂದಿನ ಲಾರಿಯ ಹೊಗೆ, ಎಲ್ಲಾ ಅವನ ಮೈಮೇಲೆ. ಬಾಡಿ ಕಟ್ಟುವವರ ಶೆಡ್ಡಿಗೆ ಗಾಡಿ ಮುಟ್ಟಿಸಿ, ಚೀಲ ಹೆಗಲಿಗೆ ಹಾಕಿ, ಬಸ್ಸಿನಲ್ಲಿ ವಾಪಸ್. ಅಪ್ಪನನ್ನು ಯಾರೂ "ಮಾಲೀಕನಿಗೆ ಲಾರಿ ಹೊಡಿಯಾಕ ಬರೂದಿಲ್ಲೇನು?" ಅಂತ ಕೇಳಲಿಲ್ಲ. ಲಾರಿ ಅಂದರೆ ದುಡಿಮೆ. ಯಾಟ್ ಅಂದರೆ ಶೋಕಿ. ಶೋಕಿಯವರ ಹತ್ತಿರ ದುಡಿದರೆ ಅದು ದುಡಿಮೆ ಅನ್ನಿಸೋದಿಲ್ಲ.

ನನಗೆ ಚುಚ್ಚೋದು ಆ "ಬರೀ".

ಅದಕ್ಕೂ ಮೊದಲು ಲಾರಿಯ ವಿಷಯ ಮುಗಿಸಿಬಿಡ್ತೀನಿ, ಯಾಕಂದರೆ ಯಾರಾದರೊಬ್ಬ ಬುದ್ಧಿವಂತ "ಟ್ರೇಲರ್ ಮ್ಯಾಲ ಹೇರಿಕೊಂಡು ಬಂದ್ರ ಆತಲ್ಲ" ಅಂದೇ ಅನ್ನುತ್ತಾನೆ. ಸಣ್ಣ ಸ್ಪೀಡ್ ಬೋಟ್ ಆದರೆ ಹೌದು. 40 ಅಡಿಯ ಹಾಯಿದೋಣಿ ಹನ್ನೆರಡು-ಹದಿಮೂರು ಅಡಿ ಅಗಲ. ಕೆಳಗೆ ಆರಡಿ ಇಳಿಯುವ ಕೀಲ್, ಅಂದರೆ ದೋಣಿ ಮಗುಚದ ಹಾಗೆ ಹಿಡಿಯುವ ಭಾರದ ರೆಕ್ಕೆ. ಮೇಲೆ ಐದಾರು ಅಂತಸ್ತಿನಷ್ಟು ಎತ್ತರದ ಕಂಬ. ಅದನ್ನು ಕ್ರೇನ್ ತಂದು ಬಿಚ್ಚಬೇಕು. ಎರಡು ಹೊಟ್ಟೆಯ ಕ್ಯಾಟಮರಾನ್ ಆದರಂತೂ ಅಗಲವೇ 22 ಅಡಿ. ಘಾಟಿನ ತಿರುವಿನಲ್ಲಿ ಎದುರಿಗೆ ಕೆಂಪು ಬಸ್ಸು ಬಂದರೆ ಏನು ಮಾಡ್ತೀರಿ?

ಇನ್ನು ಸಮುದ್ರ. ಇಂಥ ದೋಣಿಯ ಸರಾಸರಿ ವೇಗ ಐದಾರು ನಾಟ್, ಅಂದರೆ ಗಂಟೆಗೆ ಸುಮಾರು 10 ಕಿಲೋಮೀಟರ್. ಸೈಕಲ್ ವೇಗ. ಮುಂಬೈಯಿಂದ ಗೋವಾಕ್ಕೆ ಸುಮಾರು 220 ನಾಟಿಕಲ್ ಮೈಲಿ, ಅಂದರೆ 400 ಕಿಲೋಮೀಟರ್. ಎಲ್ಲಾ ಸರಿ ಹೋದರೆ 40 ಗಂಟೆ. ಹಗಲೂ ರಾತ್ರಿ ನಿಲ್ಲಿಸದೆ ಸೈಕಲ್ ತುಳಿದ ಹಾಗೆ, ರಸ್ತೆ ಮಾತ್ರ ಅಲ್ಲಾಡ್ತಾ ಇರುತ್ತೆ. ಮೂವರಿದ್ದರೆ ಒಬ್ಬೊಬ್ಬರು ಮೂರು ಗಂಟೆ ಕಾವಲು, ಆರು ಗಂಟೆ ನಿದ್ದೆ. ನಿದ್ದೆ ಅಂತ ಹೆಸರಿಗೆ. ರೇಡಿಯೋದ 16ನೇ ಚಾನೆಲ್‌ನಲ್ಲಿ ಕೋಸ್ಟ್ ಗಾರ್ಡ್ ಕರೆದರೆ ಎಲ್ಲಿಂದ, ಎಲ್ಲಿಗೆ, ಎಷ್ಟು ಜನ ಅಂತ ಹೇಳಬೇಕು. 2008ರ ಮುಂಬೈ ದಾಳಿಯವರು ಸಮುದ್ರದಿಂದಲೇ ಬಂದದ್ದು. ಗುರುತಿಲ್ಲದ ದೋಣಿಯನ್ನು ಯಾರೂ ಸುಮ್ನೆ ಬಿಡೋದಿಲ್ಲ.

ಮುಂಬೈಯಿಂದ ಗೋವಾಕ್ಕೆ ಒಂದು ದರ, ಗೋವಾದಿಂದ ಮುಂಬೈಗೆ ಇನ್ನೊಂದು ದರ ಹೇಳಿದರೆ ಕಳ್ಳನನ್ನು ನೋಡಿದ ಹಾಗೆ ನೋಡುತ್ತಾರೆ. ಮಳೆಗಾಲ ಮುಗಿದ ಮೇಲೆ ಈ ದಂಡೆಯಲ್ಲಿ ಮಧ್ಯಾಹ್ನದ ಗಾಳಿ ವಾಯವ್ಯದಿಂದ ಬೀಸುತ್ತೆ. ಕೆಳಗೆ ಬರುವಾಗ ಅದು ಬೆನ್ನಿಗೆ, ಮೇಲೆ ಹೋಗುವಾಗ ಮುಖಕ್ಕೆ. ನಮ್ಮ ರೈತರಿಗೆ ಹೇಳಿದರೆ ಒಂದೇ ಮಾತಿಗೆ ತಿಳಿಯುತ್ತೆ: ಇಳಿಜಾರಿನಲ್ಲಿ ಕಬ್ಬಿನ ಗಾಡಿ, ಏರಿನಲ್ಲಿ ಕಬ್ಬಿನ ಗಾಡಿ.

ಇದೆಲ್ಲಾ ಕಷ್ಟದ ಲೆಕ್ಕ. ಕಷ್ಟ ಎಲ್ಲರ ಕೆಲಸದಲ್ಲೂ ಇದೆ. ಅದಕ್ಕೇ ದುಡ್ಡು ಕೊಡ್ತಾರೆ ಅಂದರೆ ಪೂರ್ತಿ ನಿಜ ಹೇಳಿದ ಹಾಗಾಗಲ್ಲ.

ಕೊಡೋದು ಎರಡು ಥರ. ಒಂದು, ಪೂರ್ತಿ ಕೆಲಸಕ್ಕೆ ಗುತ್ತಿಗೆ. ಇನ್ನೊಂದು, ದಿನಕ್ಕಿಷ್ಟು ಅಂತ ಪಗಾರ. ಎರಡರಲ್ಲೂ ಡೀಸೆಲ್, ಊಟ, ಬಂದರಿನ ಖರ್ಚು, ನಮ್ಮ ಬಸ್ ಚಾರ್ಜ್ ಮಾಲೀಕರದೇ. ಮಾಲೀಕರಿಗೆ ಗುತ್ತಿಗೆ ಇಷ್ಟ. ಒಂದೇ ಅಂಕಿ, ತಲೆನೋವಿಲ್ಲ. ಆದರೆ ಯೋಚನೆ ಮಾಡಿ. ಗುತ್ತಿಗೆ ಹಿಡಿದವನು ಹವಾ ಸರಿಯಿಲ್ಲ ಅಂತ ಎರಡು ದಿನ ನಿಂತರೆ ಆ ಎರಡು ದಿನ ಅವನ ಜೇಬಿನಿಂದ ಹೋಗುತ್ತೆ. ಮೂರನೇ ದಿನ ಆಕಾಶ ಕಪ್ಪಗಿದ್ದರೂ ಅವನಿಗೆ ಬೆಳ್ಳಗೆ ಕಾಣುತ್ತೆ. ನನಗೂ ಕಂಡಿದೆ, ಶುರುವಿನ ದಿನಗಳಲ್ಲಿ. ಅದಕ್ಕೇ ಈಗ ದಿನದ ಪಗಾರ ಬಿಟ್ಟು ಬೇರೆ ಒಪ್ಪೋದಿಲ್ಲ. ಆಗ ಮಾಲೀಕರಿಗೆ ಬೇರೆ ಅನುಮಾನ: ಇವನು ದಿನ ಏರಿಸೋಕೆ ನಿಲ್ಲಿಸಿದ್ದಾನೆ. ಈ ಅನುಮಾನಕ್ಕೆ ಮದ್ದಿಲ್ಲ.

ವಿಮೆಯವರು ಮಾಲೀಕರಿಗಿಂತ ಚುರುಕು. ಓಡಿಸುವವನು ಯಾರು, ಅವನ ಹತ್ತಿರ ಏನು ಸರ್ಟಿಫಿಕೇಟ್ ಇದೆ ಅಂತ ಮೊದಲೇ ಬರೆಸಿಕೊಳ್ಳುತ್ತಾರೆ. ನನ್ನ ಹತ್ತಿರ ಇರೋದು ಯಾಟ್‌ಮಾಸ್ಟರ್ ಆಫ್‌ಶೋರ್. ಅದರ ಪರೀಕ್ಷೆಗೆ ಕೂರೋಕೇ 50 ದಿನ ಮತ್ತು 2,500 ಮೈಲಿ ಸಮುದ್ರದಲ್ಲಿ ಕಳೆದಿರಬೇಕು. ಇದನ್ನು ಹೇಳಿದಾಗ ಮಾತ್ರ ಬ್ಯಾಂಕಿನ ಹುಡುಗ ಪೆನ್ನು ತೆಗೆದ.

ಈಗ ಯಾರೂ ಕೇಳದ ಪ್ರಶ್ನೆಗೆ ಬರ್ತೀನಿ. "ಹೊರಡೂದಿಲ್ಲ ಅಂತ ಎಷ್ಟು ಸಲ ಅಂದಿ?"

ಹನ್ನೊಂದು ಸಲ. ಡೈರಿಯಲ್ಲಿ ಬರೆದಿಟ್ಟಿದ್ದೇನೆ. ಅದರಲ್ಲಿ ನಾಲ್ಕು ಸಲ ಹವಾ ನಿಜವಾಗಿಯೂ ಕೆಟ್ಟಿತು. ಏಳು ಸಲ ಏನೂ ಆಗಲಿಲ್ಲ.

ಆ ಏಳರಲ್ಲಿ ಒಂದು ಇನ್ನೂ ನನ್ನ ಬೆನ್ನು ಬಿಟ್ಟಿಲ್ಲ. ಉದ್ಯಮಬಾಗ್‌ನಲ್ಲಿ ಫೌಂಡ್ರಿ ಇರುವ ಸಾಹುಕಾರರೊಬ್ಬರು ಮುಂಬೈಯಲ್ಲಿ ಹಳೇ ಹಾಯಿದೋಣಿ ಕೊಂಡಿದ್ದರು. ಅಕ್ಟೋಬರ್ ಕೊನೆ. ಬುಧವಾರ ಸಂಜೆ ಹೊರಟು ಶುಕ್ರವಾರ ಪಣಜಿ ಮುಟ್ಟಬೇಕು. ಶನಿವಾರ ಪೂಜೆ. ಬುಧವಾರ ಬೆಳಿಗ್ಗೆ ಹವಾಮಾನ ಇಲಾಖೆಯವರು ಲಕ್ಷದ್ವೀಪದ ಕಡೆ ವಾಯುಭಾರ ಕುಸಿತ, ಉತ್ತರಕ್ಕೆ ಬರಬಹುದು ಅಂದರು. ನಾನು ಫೋನ್ ಮಾಡಿದೆ.

"ಸಾಹುಕಾರ್ರ, ಎರಡ ದಿನಾ ನಿಲ್ಲೂಣ್ರಿ."

"ಕ್ಯಾಪ್ಟನ್ ಸಾಹೇಬ್ರ, ಶನಿವಾರ ಹತ್ತೂವರಿಗಿ ಮುಹೂರ್ತ ಐತ್ರಿ. ನೂರಾ ಇಪ್ಪತ್ತು ಮಂದಿಗಿ ಊಟ ಹೇಳೇನಿ. ಮೊಬೈಲಿನ್ಯಾಗ ಗಾಳಿ ನಕ್ಷೆ ಎಲ್ಲಾ ನೀಲಿ ಐತಲ್ರಿ."

"ಆ ನೀಲಿ ಇವತ್ತಿಂದ್ರಿ. ನಾವು ನಡು ಸಮುದ್ರದಾಗ ಇರೂದು ನಾಳೆ, ನಾಡದ."

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ: "ದಿನದ ಪಗಾರ ಏರತೈತಲ್ರಿ ನಿಮಗ. ನಿಲ್ಲೂಣು ಅಂತೀರಿ ಬಿಡ್ರಿ."

ಏನು ಹೇಳಲಿ? 2021ರ ಮೇ ತಿಂಗಳ ಕಥೆ ಹೇಳಬಹುದಿತ್ತು. ತೌಕ್ತೆ ಚಂಡಮಾರುತ ಬರುತ್ತೆ ಅಂತ ದಿನಗಳ ಮುಂಚೆ ಎಚ್ಚರಿಕೆ ಇತ್ತು. ಆದರೂ ಮುಂಬೈ ಎದುರಿನ ತೈಲ ಬಾವಿಗಳ ಹತ್ತಿರ ಪಿ-305 ಅನ್ನೋ ಬಾರ್ಜ್, ಅಂದರೆ ಕೆಲಸಗಾರರು ತಂಗುವ ಚಪ್ಪಟೆ ಹಡಗು, ಅಲ್ಲೇ ಉಳಿಯಿತು, ಮೇ 17ರಂದು ಮುಳುಗಿತು. ಅದರಲ್ಲಿ 261 ಜನ ಇದ್ದರು. ಸುಮಾರು 70 ಜನ ಸತ್ತರು. ಅದು ಸಾವಿರಾರು ಟನ್ನಿನ ಉಕ್ಕು. ನಮ್ಮದು 38 ಅಡಿಯ ಫೈಬರ್. ಆದರೆ ಪೂಜೆ ಇಟ್ಟುಕೊಂಡವರಿಗೆ ಸಾವಿನ ಕಥೆ ಹೇಳೋದು ಹೇಗೆ? "ನಾ ಹೊರಡೂದಿಲ್ರಿ" ಅಂದೆ. ಫೋನ್ ಇಟ್ಟರು.

ವಾಯುಭಾರ ಕುಸಿತ ಮೇಲೆ ಬರಲಿಲ್ಲ. ಒಮಾನ್ ಕಡೆ ಹೊರಟು ಹೋಯಿತು. ಶುಕ್ರವಾರ ಮಧ್ಯಾಹ್ನ ಸಾಹುಕಾರರು ಮೀರಾಮಾರ್ ಬೀಚಿನಿಂದ ವಿಡಿಯೋ ಕಳಿಸಿದರು. ನೀರು ಅಲ್ಲಾಡುತ್ತಿರಲಿಲ್ಲ. ಹಿಂದಿನಿಂದ ಅವರ ದನಿ: "ನೋಡ್ರಿ ಸಾಹೇಬ್ರ, ನಮ್ಮ ಕೋಟೆ ಕೆರಿ ಇದ್ದಂಗ ಐತಿ."

ಆ ಎರಡು ದಿನ ನಿಂತದ್ದಕ್ಕೇ ಎಂಜಿನ್ನಿನಲ್ಲಿ ದೊಡ್ಡ ದೋಷ ಸಿಕ್ಕಿತು, ಎಲ್ಲರ ಜೀವ ಉಳಿಯಿತು ಅಂತ ಬರೆದರೆ ಚೆನ್ನಾಗಿರುತ್ತಿತ್ತು. ಹಾಗೇನೂ ಆಗಲಿಲ್ಲ. ಡೀಸೆಲ್ ಫಿಲ್ಟರ್ ಬದಲಿಸಿದೆ. ಹಳೇ ದೋಣಿಗಳ ಟ್ಯಾಂಕಿನ ತಳದಲ್ಲಿ ಕಸ ಕೂತಿರುತ್ತೆ, ಅಲೆಗೆ ಕಲಕಿ ಮೇಲೆ ಬಂದು ಎಂಜಿನ್ ನಿಲ್ಲಿಸುತ್ತೆ. ಈ ಟ್ಯಾಂಕು ಸ್ವಚ್ಛ ಇತ್ತು. ಬಟ್ಟೆ ಒಗೆದೆ. ವಡಾಪಾವ್ ತಿಂದೆ.

ಶುಕ್ರವಾರ ಸಂಜೆ ಹೊರಟೆವು. ಶನಿವಾರ ರಾತ್ರಿ ದೇವಗಡದ ಎದುರಿಗೆ, ದೀಪ ಇಲ್ಲದ ಬಲೆಯೊಂದು ಪ್ರೊಪೆಲ್ಲರಿಗೆ ಸುತ್ತಿಕೊಂಡಿತು. ಈ ದಂಡೆಯಲ್ಲಿ ಚಂಡಮಾರುತಕ್ಕಿಂತ ಜಾಸ್ತಿ ಕಾಡೋದು ಇದೇ. ಎಂಜಿನ್ ಬಂದ್ ಮಾಡಿದೆ. ಗಾಳಿ ಸತ್ತು ಹಾಯಿ ಜೋತುಬಿದ್ದಿತ್ತು. ಕತ್ತಲಲ್ಲಿ ದೋಣಿಯ ಕೆಳಗೆ ಇಳಿಯಬಾರದು, ಬಲೆ ನಮ್ಮನ್ನೂ ಹಿಡಿಯುತ್ತೆ. ಬೆಳಕು ಹರಿಯೋ ತನಕ ತೇಲುತ್ತಾ ಕೂತೆವು. ಬೆಳಿಗ್ಗೆ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಚಾಕು ಹಿಡಿದು ಮುಳುಗಿದೆ. ಏಳೆಂಟು ಸಲ ಉಸಿರು ಹಿಡಿದು ಕತ್ತರಿಸಿದ ಮೇಲೆ ಬಿಡ್ತು. ಕೊನೇ ಸಲ ಚಾಕು ಕೈ ಜಾರಿತು. ಅಷ್ಟರಲ್ಲಿ ಬಲೆಯ ಯಜಮಾನ ಬಂದು ಮರಾಠಿಯಲ್ಲಿ ಬೈದ. ಬೈಯಲೇಬೇಕು, ಅವನ ಹೊಟ್ಟೆಪಾಡು ಅದು. ಮೂರು ಸಾವಿರ ಕೊಟ್ಟೆ.

ಅಗ್ವಾದ ದೀಪಸ್ತಂಭದ ಕೆಳಗೆ ಮುಟ್ಟಿದಾಗ ಭಾನುವಾರ ರಾತ್ರಿ ಎಂಟು. ನದಿಯ ಬಾಯಲ್ಲಿ ಮರಳಿನ ದಿಣ್ಣೆ ಇದೆ. ಕತ್ತಲಲ್ಲಿ, ಬೇರೆಯವರ ದೋಣಿಯಲ್ಲಿ ಅದನ್ನು ದಾಟೋದಿಲ್ಲ. ಲಂಗರು ಹಾಕಿದೆ. ಸಾಹುಕಾರರಿಗೆ ಫೋನ್ ಮಾಡಿ "ನಾಳೆ ಮುಂಜಾನೆ ಬರ್ತೀನ್ರಿ" ಅಂದೆ. "ಮತ್ತ ನಿಂತ್ರೀ?" ಅಂದರು.

ಸೋಮವಾರ ಬೆಳಿಗ್ಗೆ ಮಾಂಡೋವಿಗೆ ಒಳಗೆ ಬಂದೆವು. ಮೇಲೆ ಖಾನಾಪುರದಲ್ಲಿ ಮಹದಾಯಿ ಅಂತ ಹೊರಟ ನೀರು ಇಲ್ಲಿ ಮಾಂಡೋವಿ. ಜೆಟ್ಟಿಯ ಕಂಬಕ್ಕೆ ಕಟ್ಟಿದ್ದ ಚೆಂಡು ಹೂವಿನ ಸರ ಒಣಗಿತ್ತು. ಶನಿವಾರ ಸ್ವಾಮಿಗಳು ಮೊಬೈಲಿನಲ್ಲಿದ್ದ ದೋಣಿಯ ಫೋಟೋಕ್ಕೇ ಆರತಿ ಎತ್ತಿದರಂತೆ. ನೂರಾ ಇಪ್ಪತ್ತು ಮಂದಿ ಊಟ ಮಾಡಿ ಹೋಗಿದ್ದರು.

ಲೆಕ್ಕದ ಚೀಟಿ ಕೊಟ್ಟೆ. ಸಾಹುಕಾರರು ಕನ್ನಡಕ ಹಾಕಿಕೊಂಡು ಓದಿದರು. ಡೀಸೆಲ್ ಸರಿ, ಊಟ ಸರಿ. "ಬಲೆ, 3,000" ಅನ್ನೋದಕ್ಕೆ ಹುಬ್ಬು ಏರಿಸಿದರು. "ಚಾಕು, 450" ಹತ್ತಿರ ನಿಂತರು. "ಚಾಕೂ ನಂದ ಲೆಕ್ಕಕ್ಕರೀ?" ಹೇಳಿದೆ. ಕೊಟ್ಟರು. ಮುಂಬೈಯಲ್ಲಿ ನಿಂತ ಎರಡು ದಿನದ ಪಗಾರಕ್ಕೆ ಮಾತ್ರ ಪೆನ್ನಿನಿಂದ ಗೆರೆ ಎಳೆದರು. "ಇದು ಆಮ್ಯಾಲ ನೋಡೂಣು."

ಬೆಳಗಾವಿ ಸಣ್ಣ ಊರು. ಮದುವೆಗಳಲ್ಲಿ ಸಿಗುತ್ತೇವೆ. ಸಾಹುಕಾರರು ನನ್ನ ಹೆಗಲ ಮೇಲೆ ಕೈ ಹಾಕಿ ಪಕ್ಕದವರಿಗೆ ತೋರಿಸುತ್ತಾರೆ. "ಇವರ ನೋಡ್ರಿ ನಮ್ಮ ಕ್ಯಾಪ್ಟನ್ ಸಾಹೇಬ್ರು. ಕೋಟೆ ಕೆರಿ ಹಂಗ ಸಮುದ್ರ ಇತ್ರಿ, ನಾಕ ದಿನಾ ಅಂಜಿ ಕುಂತಿದ್ರು." ಮೊದಲ ವರ್ಷ ಎರಡು ದಿನ ಇತ್ತು. ಈಗ ನಾಲ್ಕಾಗಿದೆ. ಎಲ್ಲರೂ ನಗುತ್ತಾರೆ. ನಾನು ಕುಂದಾ ತಿನ್ನುತ್ತೇನೆ. ಆಗ ಪಂಕ್ತಿಯಲ್ಲಿ ಯಾರಾದರೊಬ್ಬರು ನನ್ನ ಕಡೆ ತಿರುಗುತ್ತಾರೆ: "ಅಲ್ರೀ, ಬೋಟ್ ಅವರದು, ರೊಕ್ಕ ಅವರದು..."

ಆ ಎರಡು ದಿನದ ಪಗಾರ ಇನ್ನೂ ಬಂದಿಲ್ಲ. ಸಾಹುಕಾರರು ಇದನ್ನು ಓದುತ್ತಿದ್ದರೆ, ನಂಬರ್ ಅದೇ ಇದೆ.